ಹೊಂಡ ನಮ್ಮದು, ಕಳೆ ಸರ್ಕಾರದ್ದು

ನಮ್ಮಲ್ಲಿ ಹೊಂಡಕ್ಕೆ ಮಾಲೀಕರಿದ್ದಾರೆ. ಮೀನಿಗೂ ಇದ್ದಾರೆ. ಸಬ್ಸಿಡಿಗಂತೂ ಬೇಕಾದಷ್ಟು ಮಂದಿ; ಒಂದೇ ಹೊಂಡಕ್ಕೆ ಅಣ್ಣನ ಅರ್ಜಿ, ತಮ್ಮನ ಅರ್ಜಿ, ತಮ್ಮನ ಹೆಂಡತಿಯ ಅರ್ಜಿ. ಕಳೆಗೆ ಮಾತ್ರ ಮಾಲೀಕರಿಲ್ಲ. ಅದು ಸರ್ಕಾರದ್ದು. ಸರ್ಕಾರ ಒಪ್ಪದಿದ್ದರೆ ದೇವರದ್ದು.

ಮುಕ್ಕುಂದ ಸಿಂಧನೂರು ತಾಲ್ಲೂಕಿನ ಊರು. ಮಗ್ಗುಲಲ್ಲೇ ತುಂಗಭದ್ರೆ. ತಾಲ್ಲೂಕಿನ ತುಂಬ ಎಡದಂಡೆ ನಾಲೆಯ ಜಾಲ. ಅಣೆಕಟ್ಟೆಯ ನೀರು ಕಂಡು ಎಪ್ಪತ್ತು ವರ್ಷವಾಯಿತು. ನೀರಿನ ಬಗ್ಗೆ ನಾಡಿಗೇ ಪಾಠ ಹೇಳಬೇಕಾದ ಸೀಮೆ ಇದು. ಹೇಳುತ್ತೇವೆ ಕೂಡ. ಸಿಂಧನೂರಿನ ಯಾವ ಚಾದಂಗಡಿಗೆ ಹೋದರೂ ನಾಲ್ಕು ಜನ ನೀರಾವರಿ ತಜ್ಞರು ಸಿಗುತ್ತಾರೆ. ಅವರಲ್ಲಿ ಮೂವರ ಹೊಂಡದಲ್ಲಿ ನೀರು ಕಾಣುವುದಿಲ್ಲ. ಜೊಂಡು ಕಾಣುತ್ತದೆ.

ಹೊಂಡ ಹುಟ್ಟುವ ಬಗೆ ನಿಮಗೆ ಗೊತ್ತೇ ಇದೆ. 2014ರಲ್ಲಿ ಕೃಷಿಭಾಗ್ಯ ಬಂತು. ಮಳೆ ಕೈಕೊಟ್ಟಾಗ ಬಾಡುವ ಬೆಳೆಗೆ ಒಂದೆರಡು ಸಲ ನೀರುಣಿಸಲಿ ಎಂಬುದು ಅದರ ಉದ್ದೇಶ. ಲಿಂಗಸುಗೂರು, ಮಸ್ಕಿಯ ಒಣ ಹೊಲಗಳಿಗೆ ಹೇಳಿ ಮಾಡಿಸಿದ್ದು. 2020ರಲ್ಲಿ ಮತ್ಸ್ಯ ಸಂಪದ ಬಂತು. ಸಾಮಾನ್ಯ ವರ್ಗಕ್ಕೆ ಶೇ 40 ಸಹಾಯಧನ. ಪರಿಶಿಷ್ಟರಿಗೂ ಮಹಿಳೆಯರಿಗೂ ಶೇ 60. ಯೋಜನೆಗಳಲ್ಲಿ ತಪ್ಪಿಲ್ಲ. ಮಹಿಳೆಯರಿಗೆ ಶೇ 60 ಎಂದು ಕಿವಿಗೆ ಬಿದ್ದದ್ದೇ ತಡ, ನಮ್ಮ ಮನೆಗಳ ಹೆಣ್ಣುಮಕ್ಕಳು ರಾತ್ರೋರಾತ್ರಿ ಮೀನು ಕೃಷಿಕರಾದರು. ಹೊಂಡ ಊರಿನ ಯಾವ ದಿಕ್ಕಿಗಿದೆ ಎಂದು ಅವರನ್ನು ಕೇಳಬೇಡಿ. ಕೇಳಿದರೆ ಗಂಡಸರಿಗೆ ಕೋಪ ಬರುತ್ತದೆ.

ಹೊಂಡ ತೋಡಿದ ದಿನ ಜಿಪಿಎಸ್ ಫೋಟೊ. ಮೀನುಮರಿ ಬಿಟ್ಟ ದಿನ ಇನ್ನೊಂದು ಫೋಟೊ, ಜೊತೆಗೆ ತೆಂಗಿನಕಾಯಿ, ಊದಿನಕಡ್ಡಿ, ಶಾಲು. ಅಲ್ಲಿಗೆ ಮಾಲೀಕರ ಕೆಲಸ ಮುಗಿಯಿತು. ಉಳಿದದ್ದನ್ನು ಮೀನುಗಳೇ ನೋಡಿಕೊಳ್ಳಬೇಕು.

ಅವು ನೋಡಿಕೊಳ್ಳುವುದಿಲ್ಲ. ಕಳೆ ಬರುತ್ತದೆ. ಅಂಚಿಗೆ ಜೊಂಡು, ಬದುವಿಗೆ ಬೇಶರಮ್ ಗಿಡ, ಮೇಲೆ ಅಂತರಗಂಗೆ, ಒಳಗೆ ಹೈಡ್ರಿಲ್ಲಾ, ಎಲ್ಲದರ ಮೇಲೆ ಹಸಿರು ಪಾಚಿ. ಮಾಲೀಕರು ಸೊಂಟದ ಮೇಲೆ ಕೈಯಿಟ್ಟು ಕೇಳುತ್ತಾರೆ: "ಇದೆಲ್ಲಿಂದ ಬಂತೋ ಯಪ್ಪಾ!"

ನಿಮ್ಮ ಗದ್ದೆಯಿಂದ ಬಂತು, ಸಾವ್ಕಾರ್ರೆ.

45 ಕಿಲೋ ಯೂರಿಯಾ ಚೀಲ ರೈತನ ಕೈಗೆ 266 ರೂಪಾಯಿ ಚಿಲ್ಲರೆಗೆ ಸಿಗುತ್ತದೆ. ಅಗ್ಗದ ಮಾಲಿಗೆ ಅಳತೆ ಯಾಕೆ? ಪಕ್ಕದ ಗದ್ದೆಯವನು ಎರಡು ಚೀಲ ಒಗೆದರೆ ನಮ್ಮದು ಮೂರು. ಭತ್ತ ಕುಡಿದಷ್ಟು ಕುಡಿಯುತ್ತದೆ. ಮಿಕ್ಕಿದ್ದು ಬಸಿದು ತಗ್ಗಿಗೆ ಹರಿಯುತ್ತದೆ. ತಗ್ಗಿನಲ್ಲಿ ನಿಮ್ಮದೇ ಹೊಂಡ. ಭತ್ತಕ್ಕೆ ಹಾಕಿದ ಸಾರಜನಕ, ರಂಜಕ ಅಲ್ಲಿ ಪಾಚಿಗೂ ಅಂತರಗಂಗೆಗೂ ಹಬ್ಬದೂಟ. ಈ ಅಂತರಗಂಗೆ, ಅಂದರೆ ಜಲಕುಂಭಿ, ಹದವಾದ ನೀರಿನಲ್ಲಿ ಎರಡು ವಾರಕ್ಕೆ ಇಮ್ಮಡಿಯಾಗುತ್ತದೆ. ಬೀಜ ಕೆಸರಿನಲ್ಲಿ ಇಪ್ಪತ್ತು ವರ್ಷ ಜೀವ ಹಿಡಿದಿರಬಲ್ಲದು. ನಮ್ಮ ಯಾವ ಯೋಜನೆಗೂ ಅಷ್ಟು ಆಯುಸ್ಸಿಲ್ಲ.

ಈಗ ಮಾಲೀಕರು ಗೊಬ್ಬರದ ಅಂಗಡಿಗೆ ಹೋಗುತ್ತಾರೆ. "ಅಣ್ಣಾರ, ಹೊಂಡದಾಗ ಕಸ ಬಂದೈತಿ. ಯಾವ ಎಣ್ಣಿ ಹೊಡೀಬೇಕ್ರಿ?"

ಗಮನಿಸಿ. ಏನು ಮಾಡಬೇಕು ಎಂದು ಕೇಳಲಿಲ್ಲ. ಯಾವ ಎಣ್ಣೆ ಎಂದು ಕೇಳಿದರು. ಭತ್ತಕ್ಕೆ ಎಣ್ಣೆ, ಹತ್ತಿಗೆ ಎಣ್ಣೆ, ಮೆಣಸಿನಕಾಯಿಗೆ ಎಣ್ಣೆ. ಹೊಂಡಕ್ಕೇಕೆ ಬೇಡ? ಗೊಬ್ಬರ ಮಾರಿ ಕಳೆ ಬೆಳೆಸಿದ ಅಂಗಡಿಯೇ ಕಳೆನಾಶಕವನ್ನೂ ಮಾರುತ್ತದೆ. ಇದಕ್ಕಿಂತ ಭದ್ರವಾದ ವ್ಯಾಪಾರ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಎಣ್ಣೆ ಹೊಡೆದ ನಾಲ್ಕು ದಿನಕ್ಕೆ ಕಳೆ ಕಂದುತ್ತದೆ. ಮಾಲೀಕರಿಗೆ ಸಂತೋಷ. ಕಂದಿದ ಕಳೆ ಮುಳುಗುತ್ತದೆ, ಕೊಳೆಯುತ್ತದೆ. ಕೊಳೆಯುವುದಕ್ಕೆ ಆಮ್ಲಜನಕ ಬೇಕು. ಅದನ್ನು ನೀರಿನಿಂದಲೇ ಎಳೆದುಕೊಳ್ಳುತ್ತದೆ. ಒಂದು ಲೀಟರ್ ನೀರಿಗೆ ಐದು ಮಿಲಿಗ್ರಾಂ ಆಮ್ಲಜನಕವಿದ್ದರೆ ಗೆಂಡೆ ಮೀನು ನೆಮ್ಮದಿಯಾಗಿರುತ್ತದೆ. ಮೂರಕ್ಕಿಂತ ಕೆಳಗಿಳಿದರೆ ಏದುಸಿರು. ರಾತ್ರಿ ಪಾಚಿಯೂ ಉಸಿರಾಡುತ್ತದೆ. ಬೆಳಕು ಹರಿಯುವ ಮುಂಚೆ ಆಮ್ಲಜನಕ ತಳ ಮುಟ್ಟುತ್ತದೆ. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಮಾಲೀಕರು ಮಲಗಿರುತ್ತಾರೆ. ಅವರು ಎದ್ದು ಬರುವ ಹೊತ್ತಿಗೆ ಮೀನುಗಳು ಮಲಗಿರುತ್ತವೆ, ಹೊಟ್ಟೆ ಮೇಲಾಗಿ.

ಅಲ್ಲಿಂದ ಮೂರನೆಯ ಫೋಟೊ. "ಯಾರೋ ವಿಷ ಹಾಕ್ಯಾರ" ಎಂದು ದೂರು. ಯಾರೋ ಅಲ್ಲ. ಡಬ್ಬಿಯ ಬಿಲ್ಲು ನಿಮ್ಮ ಜೇಬಿನಲ್ಲೇ ಇದೆ.

ಮೀನಿರುವ ಹೊಂಡದ ಕಳೆಯನ್ನು ಒಂದೇ ಏಟಿಗೆ ಸಾಯಿಸಬಾರದು, ಭಾಗ ಭಾಗವಾಗಿ ತೆಗೆಯಬೇಕು, ತೆಗೆದದ್ದನ್ನು ನೀರಿನಲ್ಲಿ ಬಿಡಬಾರದು. ಮೀನುಗಾರಿಕೆಯ ಮೊದಲ ಪಾಠ ಇದು. ದೇಶದ ಮೊದಲ ಮೀನುಗಾರಿಕೆ ಕಾಲೇಜು ಇರುವುದು ನಮ್ಮದೇ ರಾಜ್ಯದಲ್ಲಿ, ಮಂಗಳೂರು, 1969. ಪಾಠ ಅಲ್ಲಿಂದ ಹೊರಟಿದೆ. ಮುಕ್ಕುಂದದ ಬಸ್ಸು ಇನ್ನೂ ಸಿಕ್ಕಿಲ್ಲ.

ಇನ್ನು ಮೀನಿನ ಲೆಕ್ಕ.

ಕೃಷಿ ಹೊಂಡದ ದೊಡ್ಡ ಅಳತೆಗಳಲ್ಲೊಂದು 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ. ನಾಲ್ಕು ಗುಂಟೆಗಿಂತ ತುಸು ಹೆಚ್ಚು. ಹೆಕ್ಟೇರಿಗೆ ಐದರಿಂದ ಹತ್ತು ಸಾವಿರ ಬಲಿತ ಮರಿ ಎಂಬುದು ಮಿಶ್ರ ಗೆಂಡೆ ಸಾಕಣೆಯ ರೂಢಿ. ಆ ಲೆಕ್ಕದಲ್ಲಿ ಈ ಹೊಂಡಕ್ಕೆ ನಾನ್ನೂರ ನಲವತ್ತು ಮರಿ ದಾಟಬಾರದು. ನಮ್ಮವರು ನಾಲ್ಕು ಸಾವಿರ ಸುರಿಯುತ್ತಾರೆ. ಯಾಕೆಂದರೆ "ಅರ್ಧ ಸಾಯ್ತಾವ್ರಿ". ಅರ್ಧ ಸಾಯುವುದಿಲ್ಲ. ಎಲ್ಲವೂ ಅರ್ಧಂಬರ್ಧ ಬದುಕುತ್ತವೆ. ವರ್ಷ ಕಳೆದ ಮೇಲೂ ಬೆರಳುದ್ದ. ಆಗ ಮರಿ ಕೊಟ್ಟವನು ಮೋಸಗಾರ.

ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ. ರೋಹು ನಡುವೆ. ಮೃಗಾಲ್ ತಳದಲ್ಲಿ. ಹತ್ತರಲ್ಲಿ ನಾಲ್ಕು, ಮೂರು, ಮೂರು ಎಂಬುದು ಇವುಗಳ ಹಂಚಿಕೆ. ಒಂದೇ ಮನೆಯಲ್ಲಿ ಮೂರು ಒಲೆ, ಜಗಳವಿಲ್ಲ. ನಮ್ಮವರಿಗೆ ಇದು ಹಿಡಿಸುವುದಿಲ್ಲ. ಪೇಟೆಯಲ್ಲಿ ಕಾಟ್ಲಾಗೆ ರೇಟು ಜಾಸ್ತಿ ಎಂದು ಬರೀ ಕಾಟ್ಲಾ ತರುತ್ತಾರೆ. ಮೇಲೆ ನೂಕುನುಗ್ಗಲು, ಕೆಳಗೆ ಖಾಲಿ. ಜಾತಿ ಸಮ್ಮೇಳನದ ವೇದಿಕೆಯಲ್ಲಿ ಸಮತೋಲನದ ಭಾಷಣ ಮಾಡುವವರ ಹೊಂಡವೂ ಹೀಗೇ ಇರುತ್ತದೆ.

ಇನ್ನು ಕೆಲವರಿಗೆ ಹುಲ್ಲುಗೆಂಡೆಯ ಭ್ರಮೆ. 1959ರಲ್ಲಿ ದೇಶಕ್ಕೆ ಬಂದ ಮೀನು. ಹೈಡ್ರಿಲ್ಲಾದಂಥ ಮುಳುಗು ಕಳೆಯನ್ನು ದಿನಕ್ಕೆ ತನ್ನ ತೂಕದಷ್ಟೇ ತಿನ್ನಬಲ್ಲದು. ಆದರೆ ಜೊಂಡು ಅದಕ್ಕೆ ಬೇಡ, ಅಂತರಗಂಗೆ ರುಚಿಸುವುದಿಲ್ಲ. ಬೆರಳುದ್ದದ ಮರಿ ಬಿಟ್ಟರೆ ಅದು ಕಳೆ ತಿನ್ನುವ ಮೊದಲೇ ಅದನ್ನು ಕೊಕ್ಕರೆ ತಿನ್ನುತ್ತದೆ. ಅತಿಯಾಗಿ ಬಿಟ್ಟರೆ ಒಳಗಿನ ಕಳೆಯನ್ನೆಲ್ಲ ಬೋಳಿಸುತ್ತದೆ. ಕಳೆ ಹೀರುತ್ತಿದ್ದ ಗೊಬ್ಬರವೆಲ್ಲ ಆಮೇಲೆ ಪಾಚಿಯ ಪಾಲು. ನೀರು ಹಸಿರು ಗಂಜಿ. ಅಲ್ಲಿಗೆ ಮತ್ತೆ ಎಣ್ಣೆಯಂಗಡಿ.

ಪರದೇಶಿ ಮೀನಿನ ಮೋಹ ಬೇರೆ. ಜಿಲೇಬಿ ಮೀನು 1952ರಲ್ಲಿ ಬಂತು. ಏಳೇ ವರ್ಷಕ್ಕೆ, 1959ರಲ್ಲಿ, ಇದು ಬೇಡಪ್ಪ ಎಂದು ನಿರ್ಬಂಧ ಹಾಕಿದರು. ಈಗ ಅದಿಲ್ಲದ ಕೆರೆ ಹುಡುಕಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ನಿಷಿದ್ಧ. ಆದರೂ ಕೋಳಿ ಅಂಗಡಿಯ ತ್ಯಾಜ್ಯ ಹಾಕಿ ಕದ್ದು ಬೆಳೆಸುವವರು ರಾಜ್ಯದಲ್ಲಿ ಇದ್ದೇ ಇದ್ದಾರೆ. ನಮ್ಮಲ್ಲಿ ನಿಷೇಧವೆಂದರೆ ಇಷ್ಟೇ: ಮಾಲು ಸಿಗುತ್ತದೆ, ರಸೀದಿ ಸಿಗುವುದಿಲ್ಲ.

ಸರ್ಕಾರವೇನು ಸಾಚಾ ಅಲ್ಲ. ಗ್ಯಾಂಬೂಸಿಯಾ ಎಂಬ ಪುಟ್ಟ ಮೀನನ್ನು 1928ರಲ್ಲಿ ಇಟಲಿಯಿಂದ ತರಿಸಿದರು, ಸೊಳ್ಳೆಮರಿ ತಿನ್ನಲಿ ಎಂದು. ಅದು ಬೇರೆ ಮೀನುಗಳ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ. ಜೀವವೈವಿಧ್ಯದವರು ಇದನ್ನು ಆಕ್ರಮಣಕಾರಿ ತಳಿ ಎನ್ನುತ್ತಾರೆ. ಆರೋಗ್ಯದವರು ಬಕೆಟ್ಟಿನಲ್ಲಿ ತಂದು ಬಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಇಬ್ಬರ ಸಂಬಳವೂ ಒಂದೇ ಖಜಾನೆಯಿಂದ.

ಒಳ್ಳೆಯ ಕೆಲಸವೂ ಆಗಿದೆ. ಯಾರಿಗೂ ನೆನಪಿಲ್ಲ, ಅಷ್ಟೆ. 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಿಗೆ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ನಿಯೋಕೆಟಿನಾ ಎಂಬ ಮೂತಿಹುಳು ಬಿಟ್ಟು ಜಲಕುಂಭಿಯನ್ನು ಹತೋಟಿಗೆ ತಂದು ತೋರಿಸಿದರು. ಎಣ್ಣೆಯಿಲ್ಲ, ವಿಷವಿಲ್ಲ. ಆದರೆ ಹುಳಕ್ಕೆ ಎರಡು ಮೂರು ವರ್ಷ ಬೇಕು. ನಮ್ಮ ತಾಳ್ಮೆ ಮೂರು ದಿನದ್ದು. ನಡುವೆ ಎಣ್ಣೆ ಹೊಡೆದು ಹುಳವನ್ನೇ ಕೊಂದು, ಹುಳ ಕೆಲಸ ಮಾಡಲಿಲ್ಲ ಎನ್ನುವ ಜನ ನಾವು.

ಪರಂಪರೆಯ ಮಾತು ಬಂದರೆ ಎದೆಯುಬ್ಬಿಸುತ್ತೇವೆ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಸಿಕ್ಕಿತಲ್ಲ, ಆ ಅಶೋಕ ತನ್ನ ಐದನೆಯ ಸ್ತಂಭ ಶಾಸನದಲ್ಲಿ ಇಂತಿಂಥ ದಿನ ಮೀನು ಕೊಲ್ಲಬಾರದು, ಮಾರಬಾರದು ಎಂದು ಬರೆಸಿದ. ಕಲ್ಯಾಣದ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಯಾವ ಮೀನಿಗೆ ಯಾವ ಮೇವು ಎಂದು ಕೂತು ಬರೆದ. ಹನ್ನೆರಡನೆಯ ಶತಮಾನದ ರಾಜನಿಗೆ ಇದ್ದ ಪುರುಸೊತ್ತು ನಾಲ್ಕು ಗುಂಟೆಯ ಒಡೆಯನಿಗಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. ಸಿಂಧನೂರಿನ ಪಕ್ಕದಲ್ಲೇ ಆರ್.ಎಚ್. ಕ್ಯಾಂಪುಗಳಿವೆ, ಅಂದರೆ ಪುನರ್ವಸತಿ ಕ್ಯಾಂಪುಗಳು. ಪೂರ್ವ ಬಂಗಾಲ ಬಿಟ್ಟು ಬಂದ ಕುಟುಂಬಗಳು. ಮನೆ ಹಿಂದಿನ ಕೊಳ, ಅದರ ಮೀನು ಅವರಿಗೆ ಹುಟ್ಟಾ ಗೊತ್ತು. ಅವರನ್ನು ಒಂದು ಮಾತು ಕೇಳಬಹುದು. ಆದರೆ ನಾವು ಅರ್ಧ ಶತಮಾನದಿಂದ ಅವರನ್ನು "ಎಲ್ಲಿಂದ ಬಂದವರು" ಎಂದೇ ಕೇಳುತ್ತಿದ್ದೇವೆ. ಮೀನಿನ ವಿಷಯ ಇನ್ನೂ ಬಂದಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋಯಿತು. ಇಡೀ ಸೀಮೆ ಎದೆ ಬಡಿದುಕೊಂಡಿತು. ನಿರ್ವಹಣೆ ಇಲ್ಲ, ಹೊಣೆಗಾರಿಕೆ ಇಲ್ಲ, ಚೈನಿಗೆ ಗ್ರೀಸಿಲ್ಲ. ನಿಜ, ಬೈಯಬೇಕಾದ್ದೇ. ಹಾಗೆ ಬೈದವರ ಹೊಂಡಕ್ಕೆ ಹೋಗಿ ನೋಡಿ. ನೀರು ಬರುವ ಪೈಪಿನ ಬಾಯಿಗೆ ಒಂದು ಜಾಳಿಗೆ ಬಟ್ಟೆ ಕಟ್ಟಿಲ್ಲ. ಅಲ್ಲಿಂದಲೇ ಕಳೆ ಮೀನು, ಕಳೆ ಬೀಜ, ಎಲ್ಲ ಒಳಗೆ. 33 ಗೇಟು ಕಾಯದವರನ್ನು ಒಂದು ಪೈಪು ಕಾಯದವರು ಪ್ರಶ್ನಿಸುತ್ತಾರೆ.

ಕಡೆಗೊಂದು ದಿನ ಜೆಸಿಬಿ ತರಿಸಿ ಕಳೆ ಎತ್ತಿಸುತ್ತಾರೆ ಅನ್ನಿ. ಎಲ್ಲಿಗೆ ಹಾಕುತ್ತಾರೆ? ಉಪಕಾಲುವೆಗೆ. ಅದು ತೇಲಿಕೊಂಡು ಮುಂದಿನವನ ತೂಬಿಗೆ ಸಿಕ್ಕಿಕೊಳ್ಳುತ್ತದೆ. ಅವನು ಕೋಲಿನಿಂದ ತಳ್ಳಿ ಅದರ ಮುಂದಿನವನಿಗೆ ಕಳಿಸುತ್ತಾನೆ. ಕೊನೆಭಾಗಕ್ಕೆ ನೀರು ತಲುಪುವುದಿಲ್ಲ. ಆಗ ಎಲ್ಲರೂ ಸೇರಿ ರಸ್ತೆ ತಡೆ. ಹೊಂಡ ತುಂಬಲು ಮೇಲ್ಭಾಗದಲ್ಲಿ ನಾಲೆಗೆ ಕಳ್ಳ ಪಂಪು ಇಟ್ಟವರೂ ಆ ಗುಂಪಿನಲ್ಲಿ ಹಸಿರು ಶಾಲು ಹೊದ್ದು ಕೂತಿರುತ್ತಾರೆ. ಘೋಷಣೆ ಅವರದೇ ಎಲ್ಲರಿಗಿಂತ ಜೋರು.

ಹೊಂಡ ಸರಿಯಾಗಿದೆಯೇ ಎಂದು ನೋಡಲು ಯಂತ್ರ ಬೇಡ. ಮೊಣಕೈವರೆಗೆ ಕೈ ಅದ್ದಿ. ಅಂಗೈ ಕಾಣದಿದ್ದರೆ ಪಾಚಿ ಹೆಚ್ಚಾಗಿದೆ: ಗೊಬ್ಬರ, ಮೇವು ನಿಲ್ಲಿಸಿ, ಸಾಧ್ಯವಾದರೆ ಹೊಸ ನೀರು ಕೊಡಿ. ತೀರಾ ತಿಳಿಯಾಗಿ ಕಂಡರೆ ಮೀನಿಗೆ ಸಹಜ ಮೇವಿಲ್ಲ. ಗದ್ದೆಯ ಬಸಿ ನೀರು ಒಳಗೆ ಬಾರದಂತೆ ಬದು ಎತ್ತರಿಸಿ. ಪೈಪಿಗೆ ಜಾಳಿಗೆ ಕಟ್ಟಿ. ಕಳೆ ಹೂ ಬಿಡುವ ಮುಂಚೆ ಕಿತ್ತು ತಿಪ್ಪೆಗೆ ಹಾಕಿ, ಗೊಬ್ಬರವಾಗುತ್ತದೆ. ಮರಿ ಎಣಿಸಿ ಬಿಡಿ. ಇಷ್ಟಕ್ಕೆ ಅರ್ಜಿ ನಮೂನೆ ಇಲ್ಲ, ಸಹಾಯಧನವೂ ಇಲ್ಲ. ಅದಕ್ಕೇ ಯಾರೂ ಮಾಡುವುದಿಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎಂದು ಶಾಲೆಯ ಗೋಡೆಗೆ ಬರೆಸಿದ್ದೇವೆ. ಗೋಡೆಯ ಮೇಲೇ ಇರಲಿ ಎಂದು.

ಸ್ವಾಮಿ, ಹೊಂಡ ನಿಮ್ಮದಾದರೆ ಕಳೆಯೂ ನಿಮ್ಮದೇ. ಪಹಣಿಯಲ್ಲಿ ನಿಮ್ಮ ಹೆಸರಿದೆ, ನೋಡಿಕೊಳ್ಳಿ. ಅಂಗಿ ತೋಳು ಮಡಚಿ ನೀರಿಗಿಳಿಯಿರಿ. ಆಗದಿದ್ದರೆ ಹೊಂಡ ಮುಚ್ಚಿ ಜೋಳ ಬಿತ್ತಿ. ಮೀನುಗಳಾದರೂ ಬದುಕಿಕೊಳ್ಳಲಿ.