ಮಸಾರಿ ಹೊಲದ ಸಿನಾಯ್: ಮೇಜಿನ ಮೇಲಿನ ಮರುಭೂಮಿ ಕದನಗಳನ್ನು ಕುರಿತ ಅತಿಗಂಭೀರ ಮಹಾಪ್ರಬಂಧದ ಸಾರಸಂಗ್ರಹ

ಸಂಶೋಧನೆಯ ಶಿಷ್ಟಾಚಾರದಂತೆ ಮೊದಲು ಕ್ಷೇತ್ರನಿರ್ಣಯ. ಇಲ್ಲಿ ಮಂಗಳೂರು ಎಂದರೆ ಬಂದರು, ಬಂಗುಡೆ, ನೀರುದೋಸೆಗಳ ಊರಲ್ಲ. ಕೊಪ್ಪಳ ಜಿಲ್ಲೆಯ ಕುಕನೂರು-ಯಲಬುರ್ಗಾ ಸೀಮೆಯಲ್ಲಿರುವ ಮಂಗಳೂರು. ಇಲ್ಲಿ ಕಡಲಿಲ್ಲ, ಬಿಸಿಲು ಮಾತ್ರ ಎರಡೂ ಮಂಗಳೂರುಗಳಿಗೆ ಹಂಚಿ ಮಿಗುವಷ್ಟಿದೆ. ಕಡಲ ಮಂಗಳೂರನ್ನು ಪ್ರಬಂಧಕಾರರು ಪೀಠಿಕೆಯಲ್ಲೇ ಹೊರಗಿಟ್ಟಿದ್ದಾರೆ. ಅಷ್ಟೊಂದು ಮಳೆ ಬೀಳುವ ಊರಿಗೆ ಮರುಭೂಮಿಯ ವಿಷಯದಲ್ಲಿ ಬಾಯಿ ಹಾಕುವ ಅಧಿಕಾರವಿಲ್ಲ ಎಂಬುದು ಅವರು ಕೊಟ್ಟ ಕಾರಣ.

ಪ್ರಬಂಧದ ಮೂಲ ಪ್ರತಿಪಾದನೆ ಇಷ್ಟು: ಕಿರುಬೊಂಬೆಗಳ ಸೈನ್ಯ ಕಟ್ಟಿ ಮೇಜಿನ ಮೇಲೆ ಮರುಭೂಮಿಯ ಯುದ್ಧ ಆಡಲು ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳಿಗಿಂತ ಯೋಗ್ಯವಾದ ನೆಲ ಭೂಮಂಡಲದಲ್ಲಿಲ್ಲ. ಈ ಮಾತು ಈವರೆಗೆ ಯಾರಿಗೂ ಹೊಳೆದಿಲ್ಲ. ಪ್ರಬಂಧ ಸ್ವೋಪಜ್ಞವೆನ್ನಲು ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲವಂತೆ.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಬೆರಳುದ್ದದ ಬೊಂಬೆ ಸೈನಿಕರಿಗೆ ಆಯಾ ಕಾಲದ ಸಮವಸ್ತ್ರದ ಬಣ್ಣ ಬಳಿದು, ಆರು ಅಡಿಗೆ ನಾಲ್ಕು ಅಡಿಯ ಮೇಜಿನ ಮೇಲೆ ಗುಡ್ಡ, ಹಳ್ಳ, ಊರು ಕಟ್ಟಿ, ಟೇಪು ಹಿಡಿದು ಇಂಚಿನ ಲೆಕ್ಕದಲ್ಲಿ ದಂಡು ನಡೆಸಿ, ದಾಳ ಉರುಳಿಸಿ ಸತ್ತವರೆಷ್ಟು ಬದುಕಿದವರೆಷ್ಟು ಎಂದು ತೀರ್ಮಾನಿಸುವ ಆಟ ಇದು. 1812ರಲ್ಲಿ ಪ್ರಶ್ಯದ ದೊರೆಗೆ ಇಂಥದೊಂದು ಯುದ್ಧದ ಮೇಜನ್ನು ಒಪ್ಪಿಸಿದವನು ರೈಸ್‌ವಿಟ್ಸ್ ಎಂಬ ಅಧಿಕಾರಿ. ಅವನ ಮಗ 1824ರಲ್ಲಿ ಆಟಕ್ಕೆ ಹೊಸ ನಿಯಮ ಬರೆದ ಮೇಲೆ ಸೈನ್ಯಾಧಿಕಾರಿಗಳ ತರಬೇತಿಗೇ ಇದು ಬಳಕೆಗೆ ಬಂತು. 1913ರಲ್ಲಿ ಕಾದಂಬರಿಕಾರ ಎಚ್.ಜಿ. ವೆಲ್ಸ್ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದು ಇದನ್ನು ಮನೆಯ ನೆಲದ ಮೇಲೆ ಇಳಿಸಿದ. ಹನ್ನೆರಡು ವರ್ಷದಿಂದ ನೂರೈವತ್ತು ವರ್ಷದವರೆಗಿನ ಹುಡುಗರು ಆಡಬಹುದಾದ ಆಟ ಎಂದು ಪುಸ್ತಕದ ಹೆಸರಿನಲ್ಲೇ ಅವನು ಘೋಷಿಸಿದ್ದಾನೆ. ಮರುವರ್ಷ ದೊಡ್ಡವರು ನಿಜವಾದ ಯುದ್ಧವನ್ನೇ ಶುರು ಮಾಡಿದರು. ಅದಕ್ಕೆ ವಯಸ್ಸಿನ ಮಿತಿ ಇನ್ನೂ ಸಡಿಲವಾಗಿತ್ತು.

ಹಿರಿಯ ರೈಸ್‌ವಿಟ್ಸ್ ತನ್ನ ಮೊದಮೊದಲ ಪ್ರಯೋಗಗಳಲ್ಲಿ ಗುಡ್ಡ-ಕಣಿವೆ ಮಾಡಿದ್ದು ಒದ್ದೆ ಮರಳಿನಲ್ಲಿ. ನಮ್ಮ ಪ್ರಬಂಧಕಾರರು ಈ ಒಂದು ವಾಕ್ಯವನ್ನು ಹಿಡಿದುಕೊಂಡು ಒಂದಿಡೀ ಅಧ್ಯಾಯ ಬರೆದಿದ್ದಾರೆ. ಮರಳೇ ಆದಿ, ಹುಲ್ಲು, ಮರ, ಹಿಮವೆಲ್ಲ ಆಮೇಲಿನ ಪ್ರಕ್ಷೇಪ. ಆದ್ದರಿಂದ ಮರುಭೂಮಿಯ ಕದನವೇ ಈ ಆಟದ ಮೂಲಪಾಠ!

ಮುಂದಿನದು ದೇಶೀಯ ಮೂಲದ ಶೋಧ. ಇಲ್ಲಿ ಪ್ರಬಂಧಕಾರರಿಗೆ ಹುಡುಕುವ ಕಷ್ಟವೇ ಬರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲೂ ಎರೆಮಣ್ಣಿನ ಎತ್ತು ಮಾಡಿ ಪೂಜಿಸುವ ಸೀಮೆ ಇದು. ಅದು ಸಾಗಣೆ ದಳ. ಗೌರಿ ಹುಣ್ಣಿಮೆ ಬಂದರೆ ಕಟ್ಟಿಗೆಯ ಅಚ್ಚಿಗೆ ಕಾದ ಸಕ್ಕರೆ ಪಾಕ ಹೊಯ್ದು ಆನೆ, ಕುದುರೆ, ತೇರು ತೆಗೆಯುತ್ತಾರೆ. ಹೆಣ್ಣುಮಕ್ಕಳು ಅವನ್ನು ತಟ್ಟೆಯಲ್ಲಿಟ್ಟು ಗೌರಿಗೆ ಆರತಿ ಬೆಳಗುತ್ತಾರೆ. ಎರಡು ಹೋಳಿನ ಅಚ್ಚು, ನಡುವೆ ಹೊಯ್ಯುವ ದ್ರವ, ಆರಿದ ಮೇಲೆ ಬಿಚ್ಚಿದರೆ ಕುದುರೆ. ಇಂಗ್ಲೆಂಡಿನಲ್ಲಿ ಸೀಸ ಕರಗಿಸಿ ಸೈನಿಕರನ್ನು ಎರಕ ಹೊಯ್ಯುವುದೂ ಹೀಗೆಯೇ. ವ್ಯತ್ಯಾಸ ಒಂದೇ: ಅಲ್ಲಿ ಕದನದಲ್ಲಿ ಬಿದ್ದವನನ್ನು ಮೇಜಿನಿಂದ ಎತ್ತಿ ಡಬ್ಬಿಯಲ್ಲಿಡುತ್ತಾರೆ, ಇಲ್ಲಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಮೃತರ ವಿಲೇವಾರಿಯಲ್ಲಿ ನಮ್ಮ ಪದ್ಧತಿಯೇ ಮುಂದುವರಿದದ್ದು ಎಂದು ಪ್ರಬಂಧ ತೀರ್ಪು ಕೊಡುತ್ತದೆ.

ಕಿನ್ನಾಳದ ಮಾತು ಬಂದಾಗ ಅಣಕವೂ ಸ್ವಲ್ಪ ಸುಮ್ಮನಾಗಬೇಕಾಗುತ್ತದೆ. ಕೊಪ್ಪಳದ ಪಕ್ಕದ ಈ ಊರಿನ ಚಿತ್ರಗಾರ ಮನೆತನಗಳು ಹಗುರ ಮರದಲ್ಲಿ ಬೊಂಬೆಯ ಅಂಗಗಳನ್ನು ಬೇರೆ ಬೇರೆ ಕೆತ್ತುತ್ತಾರೆ. ಹುಣಸೆಬೀಜದ ಅಂಟಿನಿಂದ ಅವನ್ನು ಕೂಡಿಸಿ, ಕೀಲುಗಳ ಮೇಲೆ ಸೆಣಬಿನ ಚಿಂದಿ ಅಂಟಿಸಿ, ಕಿಟ್ಟ ಎಂಬ ಲೇಪ ಮೆತ್ತಿ, ಉಜ್ಜಿ ನುಣುಪು ಮಾಡಿ, ಬಿಳಿ ಬಳಿದು, ಆಮೇಲೆ ಬಣ್ಣಕ್ಕೆ ಕೈಹಾಕುತ್ತಾರೆ. ಭೌಗೋಳಿಕ ಗುರುತು ಪಡೆದಿರುವ ಕಸುಬು ಇದು. ಇತ್ತ ಕಿರುಬೊಂಬೆ ಕಂಪನಿಗಳು ಗುಂಪುಗೂಡಿರುವ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಿಂದ ಬರುವ ಪ್ಲಾಸ್ಟಿಕ್ ಸೈನಿಕನ ಜನ್ಮವೃತ್ತಾಂತ ನೋಡಿ: ಕೈ, ತಲೆ, ಮುಂಡ ಬೇರೆ ಬೇರೆ, ಅಂಟಿನಿಂದ ಜೋಡಣೆ, ಸಂದಿಗೆ ಪುಟ್ಟಿ, ಉಜ್ಜಿದ ಮೇಲೆ ಪ್ರೈಮರ್, ಕೊನೆಗೆ ಬಣ್ಣ. ಹಂತಕ್ಕೆ ಹಂತ ತಾಳೆಯಾಗುತ್ತದೆ. ನಾಟಿಂಗ್‌ಹ್ಯಾಮ್‌ನವರು ಯಾವುದೋ ಜನ್ಮದಲ್ಲಿ ಕಿನ್ನಾಳದಲ್ಲಿ ಕಲಿತಿರಬೇಕು ಎನ್ನುವುದು ಪ್ರಬಂಧಕಾರರ ಊಹೆ. ಈ ಊಹೆಗೆ ದಾಖಲೆ ಇಲ್ಲ, ಆದರೆ ದಾಖಲೆ ಕೇಳುವುದು ಸಣ್ಣತನ ಎಂಬ ಎಚ್ಚರಿಕೆ ಅದೇ ಪುಟದಲ್ಲಿದೆ.

ಶಾಸನಾಧಾರವೂ ಉಂಟು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಕಿರುಬಂಡೆ ಶಾಸನಗಳಿವೆ. ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸ್ವರ್ಗ ಸಿಗುತ್ತದೆ ಎಂಬುದು ಅವುಗಳ ಒಂದು ಆಶಯ. ಸಣ್ಣವರು ಎಂದರೆ ಎಷ್ಟು ಸಣ್ಣವರು? ಪ್ರಾಕೃತ ವಿದ್ವಾಂಸರು ಈ ಪ್ರಶ್ನೆಯನ್ನು ಮುಟ್ಟದೆ ಬಿಟ್ಟಿದ್ದಾರೆ. ಪ್ರಬಂಧಕಾರರು ಸ್ಪಷ್ಟವಾಗಿ ಬರೆದಿದ್ದಾರೆ: 28 ಮಿಲಿಮೀಟರ್.

ಕಿರುಬೊಂಬೆಯ ಎತ್ತರದ ಈ ಅಳತೆಯೂ ವಿವಾದಾತೀತವಲ್ಲ. 28 ಮಿ.ಮೀ. ಎಂದರೆ ಅಂಗಾಲಿನಿಂದ ನೆತ್ತಿಯವರೆಗಲ್ಲ, ಕಣ್ಣಿನವರೆಗೆ ಎಂದು ಬಹಳ ಜನ ಅಳೆಯುತ್ತಾರೆ. ಟೋಪಿ, ಶಿರಸ್ತ್ರಾಣಗಳು ಅಳತೆ ತಪ್ಪಿಸದಿರಲೆಂದು ಈ ಉಪಾಯ. ಹೀಗಾಗಿ ಉತ್ತರ ಕರ್ನಾಟಕದ ಪಟಗ ಎಷ್ಟೇ ದೊಡ್ಡದಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಪ್ರಾದೇಶಿಕ ಅಸಮತೋಲನದ ಹೊಸ ಉದಾಹರಣೆಯಾಗಿ ದಾಖಲಿಸಲಾಗಿದೆ.

ಭೂಗೋಳದ ಅಧ್ಯಾಯ ನಿಜಕ್ಕೂ ಓದುವಂತಿದೆ. ಮರುಭೂಮಿ ಎಂದಕೂಡಲೇ ಹೊಸ ಆಟಗಾರ ಮೇಜಿನ ಮೇಲೆ ಅಲೆ‌ಅಲೆಯಾಗಿ ಮರಳ ದಿಬ್ಬ ಎಬ್ಬಿಸುತ್ತಾನೆ. ಅದು ಸಿನಿಮಾದ ಮರುಭೂಮಿ. 1942ರಲ್ಲಿ ಜರ್ಮನ್ ಸೇನಾನಿ ರೊಮೆಲ್‌ನ ಟ್ಯಾಂಕುಗಳು ಓಡಾಡಿದ ಈಜಿಪ್ಟ್-ಲಿಬಿಯದ ನೆಲ ಬಹುಪಾಲು ಗಟ್ಟಿ, ಕಲ್ಲುಹರಳಿನ ಬಯಲು. ಮರಳ ದಿಬ್ಬದ ಸಮುದ್ರ ಇರುವುದು ಅದರ ದಕ್ಷಿಣಕ್ಕೆ. ಆಟಗಾರರಿಗೆ ಆ ರಂಗ ಇಷ್ಟವಾಗುವುದಕ್ಕೆ ಸೋಮಾರಿತನವೂ ಒಂದು ಕಾರಣ: ಮರ ಮಾಡಬೇಕಿಲ್ಲ, ಟ್ಯಾಂಕಿಗೆ ಒಂದೇ ಬಣ್ಣ ಸಾಕು. ಆದರೆ ಮೇಜು ತೀರಾ ಬೋಳಾದರೆ ಎಲ್ಲರಿಗೂ ಎಲ್ಲರೂ ಕಾಣುತ್ತಾರೆ, ಎರಡನೇ ಸರದಿಗೇ ಅರ್ಧ ಸೈನ್ಯ ಖಾಲಿ. ಆಗ ಮರೆಗೆ ಬಂಡೆ, ಒಣಹಳ್ಳ, ಕುರುಚಲು ಬೇಕೇಬೇಕು. ಮಸಾರಿ ಹೊಲ, ಗರಸು ದಿನ್ನೆ, ಬೇಸಿಗೆಯಲ್ಲಿ ಒಣಗಿದ ಹಳ್ಳ, ಮೈಮೇಲೆ ಗುಂಡುಕಲ್ಲು ಹೇರಿಕೊಂಡ ಗುಡ್ಡ, ನಡುನಡುವೆ ಜಾಲಿ. ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಇಷ್ಟೂ ಸಿಗುತ್ತದೆ.

ಗಂಗಾವತಿಯನ್ನು ಮಾತ್ರ ಪ್ರಬಂಧ ನಿರ್ದಾಕ್ಷಿಣ್ಯವಾಗಿ ಕೈಬಿಟ್ಟಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಟ್ಟದ್ದೇ ಅದು ಭತ್ತದ ಕಣಜವಾಯಿತು. ಮರುಭೂಮಿಯ ಪಾಲಿಗೆ ಇದು ಅಪಚಾರ. ಗಂಗಾವತಿಯವರಿಗೆ ಬೇಕಾದರೆ ವಿಯೆಟ್ನಾಂ ಯುದ್ಧ ಆಡಿಕೊಳ್ಳಲಿ ಎಂದು ಸೂಚಿಸಲಾಗಿದೆ.

ಇನ್ನು ಇತಿಹಾಸದ ಹಕ್ಕು. ಮೊದಲ ಮಹಾಯುದ್ಧದ ಸಿನಾಯ್-ಪ್ಯಾಲೆಸ್ಟೀನ್ ರಂಗದಲ್ಲಿ 15ನೇ ಅಶ್ವದಳ ಬ್ರಿಗೇಡ್ ಎಂಬುದಿತ್ತು. ಅದರಲ್ಲಿದ್ದುದು ಜೋಧಪುರ, ಮೈಸೂರು, ಹೈದರಾಬಾದ್ ಸಂಸ್ಥಾನಗಳ ಲ್ಯಾನ್ಸರ್‌ಗಳು, ಅಂದರೆ ಭರ್ಚಿ ಹಿಡಿದ ಕುದುರೆ ಸವಾರರು. ಸೂಯೆಜ್ ಕಾಲುವೆಯ ಕಾವಲಿನಿಂದ ಅವರ ಮರುಭೂಮಿ ವಾಸ ಶುರುವಾಯಿತು. 1918ರ ಸೆಪ್ಟೆಂಬರ್ 23ರ ಮಧ್ಯಾಹ್ನ ಹೈಫಾ ಪಟ್ಟಣದ ಮೇಲೆ ಜೋಧಪುರದವರು ನೇರವಾಗಿ ನುಗ್ಗಿದರು, ಮೈಸೂರಿನವರು ಕಾರ್ಮೆಲ್ ಬೆಟ್ಟದ ಫಿರಂಗಿಗಳ ಮೇಲೆ ಬಿದ್ದರು. ಎದುರಿಗೆ ಮೆಷಿನ್‌ಗನ್, ಇವರ ಕೈಯಲ್ಲಿ ಭರ್ಚಿ. ಕಿಶೋನ್ ಹೊಳೆಯ ಹುದುಲಿಗೆ ಕುದುರೆಗಳು ಸಿಕ್ಕಿಕೊಂಡವು. ಜೋಧಪುರದ ಮೇಜರ್ ದಲಪತ್ ಸಿಂಗ್ ಗುಂಡೇಟಿಗೆ ಬಿದ್ದ. ಕೊನೆಗೆ ಸೆರೆಸಿಕ್ಕವರು 1,350 ಮಂದಿ, ವಶವಾದ ಫಿರಂಗಿಗಳು 17. ಅವುಗಳಲ್ಲಿ ನಾಲ್ಕು ಒಂಟೆಯ ಮೇಲೆ ಹೇರುವ ಫಿರಂಗಿಗಳು. ಎರಡೂ ದಳಗಳಲ್ಲಿ ಸತ್ತವರು 8, ಗಾಯಗೊಂಡವರು 34. ಕುದುರೆಗಳ ಲೆಕ್ಕ ಬೇರೆಯೇ: 60 ಸತ್ತವು. ದೆಹಲಿಯ ತೀನ್‌ಮೂರ್ತಿಯ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಸವಾರರ ನೆನಪಿನವು.

ಇದರಲ್ಲಿ ಕೊಪ್ಪಳದ ಪಾಲೇನು? ಆಗ ಕೊಪ್ಪಳ, ಯಲಬುರ್ಗಾಗಳು ನಿಜಾಮರ ರಾಜ್ಯದಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರು. ಕನ್ನಡ ಮಾತಾಡುವ ಈ ಸೀಮೆ ಭಾಷೆಯಿಂದ ಮೈಸೂರಿನ ಕಡೆ, ಕಂದಾಯದಿಂದ ಹೈದರಾಬಾದಿನ ಕಡೆ. ಹೀಗಾಗಿ ಇಲ್ಲಿನ ಆಟಗಾರ ಎರಡು ದಳಗಳ ಮೇಲೂ ಹಕ್ಕು ಸಾಧಿಸಬಹುದು. ಹೈಫಾದ ದಾಳಿಯಲ್ಲಿ ಹೈದರಾಬಾದಿನವರು ಇರಲಿಲ್ಲ. ಆ ಬೊಂಬೆಗಳನ್ನು ಮೇಜಿನ ಅಂಚಿಗೆ ಸುಮ್ಮನೆ ನಿಲ್ಲಿಸಿದರೆ ಇತಿಹಾಸಕ್ಕೆ ನಿಷ್ಠೆ, ಬಣ್ಣ ಬಳಿದ ಶ್ರಮಕ್ಕೆ ದ್ರೋಹ. ಹೈಫಾ ಮರುಭೂಮಿಯೂ ಅಲ್ಲ, ಹುದುಲು ಮತ್ತು ಬೆಟ್ಟ. ಆದ್ದರಿಂದ ಅಸಲಿ ಮರಳಿಗಾಗಿ ಪ್ರಬಂಧಕಾರರು ಸೂಯೆಜ್‌ನತ್ತ ಹೊರಟರು. ಅಲ್ಲಿ ಗಣಿತ ಅಡ್ಡ ಬಂತು.

28 ಮಿ.ಮೀ. ಬೊಂಬೆ ಎಂದರೆ ಸುಮಾರು 56ರಲ್ಲಿ ಒಂದು ಪಾಲು. 1869ರಲ್ಲಿ ತೆರೆದಾಗ ಕಾಲುವೆಯ ಉದ್ದ 164 ಕಿಲೋಮೀಟರ್. ಭಾಗಿಸಿದರೆ ಮೇಜು ಮೂರು ಕಿಲೋಮೀಟರಿಗೆ ತುಸು ಕಡಿಮೆ ಉದ್ದವಾಗಬೇಕು. ಮಂಗಳೂರಿನ ಯಾವ ಪಡಸಾಲೆಯೂ ಅಷ್ಟುದ್ದವಿಲ್ಲ. ಬಲ್ಲ ಆಟಗಾರರು ಇದಕ್ಕೆ ಎರಡು ಅಳತೆ ಇಟ್ಟುಕೊಂಡಿದ್ದಾರೆ: ಬೊಂಬೆಗೊಂದು, ನೆಲಕ್ಕೊಂದು. ಒಂದು ಬೊಂಬೆ ಇಪ್ಪತ್ತು ಜನಕ್ಕೆ ಸಮವೆಂದು ಒಪ್ಪಿಕೊಂಡರೆ ಐನೂರು ಸವಾರರ ದಳ ಇಪ್ಪತ್ತೈದು ಬೊಂಬೆಗೆ ಮುಗಿಯುತ್ತದೆ; ನೆಲವನ್ನೂ ಅದೇ ರೀತಿ ಮಡಚಬಹುದು. ಚುನಾಯಿತ ಪ್ರತಿನಿಧಿ ಪದ್ಧತಿಯ ತತ್ವವೂ ಇದೇ ಎಂದು ಪ್ರಬಂಧಕಾರರು ಇಲ್ಲೊಂದು ಕುಟುಕು ಸೇರಿಸಿದ್ದಾರೆ.

ಕ್ಷೇತ್ರಕಾರ್ಯದ ಒಂದು ದೃಶ್ಯ ಹೀಗಿದೆ. ಪಡಸಾಲೆಯಲ್ಲಿ ಪ್ಲೈವುಡ್ ಹಲಗೆ. ಥರ್ಮಾಕೋಲ್ ಕೊಯ್ದು ಗುಡ್ಡ ಮಾಡಿ, ನೀರು ಬೆರೆಸಿದ ಫೆವಿಕಾಲ್ ಬಳಿದು, ಜರಡಿ ಹಿಡಿದ ಉಸುಕು ಉದುರಿಸುತ್ತಿದ್ದಾರೆ ಒಬ್ಬ ಮಾಸ್ತರು. ಒಣಗಿದ ಮೇಲೆ ಗಾಢ ಕಂದು; ಅದರ ಮೇಲೆ ಬಣ್ಣ ಒರೆಸಿ ತೆಗೆದ ಒಣ ಕುಂಚದಿಂದ ತಿಳಿಹಳದಿ ಸವರಿದರೆ ಹರಳಿನ ನೆತ್ತಿಗಷ್ಟೇ ಬಣ್ಣ ಹತ್ತಿ ಬಿಸಿಲು ಬಿದ್ದಂತೆ ಕಾಣುತ್ತದೆ. ಅವಸರಕ್ಕೆ ಸ್ಪ್ರೇ ಹೊಡೆದರೆ ಥರ್ಮಾಕೋಲ್ ಕರಗಿ ಗುಡ್ಡವೇ ಕೆರೆಯಾಗುತ್ತದೆ.

"ಹೊಲದಾಗಿನ ಮಣ್ಣ ಮನಿಯೊಳಗ ಯಾಕ ತಂದೀಯೋ ತಮ್ಮಾ?" ಎಂದರು ಕಸಬರಿಗೆ ಹಿಡಿದ ತಾಯಿ.

"ಮರುಭೂಮಿ ಮಾಡಾಕತ್ತೀನಿ ಬೇ."

"ಹೊರಗ ಇದ್ದದ್ದು ಸಾಲವಲ್ದೇನು?"

ಇಡೀ ಪ್ರಬಂಧಕ್ಕೆ ಬಂದ ಏಕೈಕ ಸಮರ್ಥ ಆಕ್ಷೇಪಣೆ ಇದು. ಪ್ರಬಂಧಕಾರರು ಉತ್ತರಿಸದೆ ಮುಂದಿನ ಅಧ್ಯಾಯಕ್ಕೆ ಹೋಗಿದ್ದಾರೆ.

ಆ ಅಧ್ಯಾಯ ಕೊಪ್ಪಳ ಕೋಟೆಯದು. ಟಿಪ್ಪುವಿನ ವಶದಲ್ಲಿದ್ದ ಕೋಟೆಯನ್ನು 1790ರ ಅಕ್ಟೋಬರ್‌ನಲ್ಲಿ ನಿಜಾಮರ ಮತ್ತು ಇಂಗ್ಲಿಷರ ಪಡೆಗಳು ಮುತ್ತಿದವು. ಮುತ್ತಿದವರ ಫಿರಂಗಿಗಳು ಕಳಪೆ, ಬಂಡೆ ಅಲುಗಲಿಲ್ಲ. ಮಾರ್ಚಿನಲ್ಲಿ ಬೆಂಗಳೂರು ಬಿದ್ದ ಮೇಲೆಯೇ, 1791ರ ಏಪ್ರಿಲ್‌ನಲ್ಲಿ, ಕೋಟೆ ಕೈಸೇರಿದ್ದು. ಇದನ್ನು ಮೇಜಿನ ಮೇಲೆ ಪ್ರಾಮಾಣಿಕವಾಗಿ ಆಡುವುದೆಂದರೆ ಇಬ್ಬರು ಎದುರುಬದುರು ಕೂತು ಆರು ತಿಂಗಳು ಚಹಾ ಕುಡಿಯುವುದು. ಅದಕ್ಕಿಂತ 1858 ಮೇಲು: ಮುಂಡರಗಿ ಭೀಮರಾಯ ಇದೇ ಕೋಟೆ ಹಿಡಿದು ಇಂಗ್ಲಿಷರೊಡನೆ ಹೋರಾಡಿ ಮಡಿದ. ಒಂದು ಸಂಜೆಗೆ ಮುಗಿಯುವ ಕದನ, ಆದರೆ ಇಂಗ್ಲಿಷರ ಪಕ್ಷ ಆಡಲು ಈ ಸೀಮೆಯಲ್ಲಿ ಯಾರೂ ಮುಂದೆ ಬರುವುದಿಲ್ಲ.

ಉಪಸಂಹಾರದ ಬದಲು ಪ್ರಬಂಧದಲ್ಲಿ ಒಂದು ಬೇಡಿಕೆ ಪಟ್ಟಿ ಇದೆ. ಇದೇ ಸೀಮೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿದೆ. ಕಿನ್ನಾಳದ ಕೈಗಳು ಅಷ್ಟೇ ಹತ್ತಿರದಲ್ಲಿವೆ. ಇಬ್ಬರೂ ಸೇರಿ ಮೈಸೂರು ಲ್ಯಾನ್ಸರ್‌ಗಳ ಒಂದು ದಳವನ್ನಾದರೂ ಮಾಡಿಕೊಡಲಿ, ಪಟಗವನ್ನು ಎತ್ತರದ ಲೆಕ್ಕಕ್ಕೆ ಸೇರಿಸಲಿ ಎಂಬುದು ಮೊದಲ ಬೇಡಿಕೆ. ಎರಡನೆಯದು ಓದುಗರಿಗೆ: ಹೈಫಾದ ಆ ನಾಲ್ಕು ಫಿರಂಗಿಗಳನ್ನು ಹೊರುವವರು ಇನ್ನೂ ಸಿಕ್ಕಿಲ್ಲ. ನಿಮ್ಮ ಮನೆಯ ಅಟ್ಟದಲ್ಲಿ ಗೌರಿ ಹುಣ್ಣಿಮೆಯ ಹಳೆಯ ಅಚ್ಚುಗಳಿದ್ದು, ಅವುಗಳಲ್ಲಿ ಒಂಟೆಯದೊಂದು ಸಿಕ್ಕರೆ ದಯವಿಟ್ಟು ನಾಲ್ಕು ದಿನದ ಮಟ್ಟಿಗೆ ಎರವಲು ಕೊಡಿ. ಸಕ್ಕರೆ ನಮ್ಮದೇ.