ಗುಪ್ತಪಿಸ್ತೂಲ ಮೀಮಾಂಸೆ: ತಾರ್ನಾಕದ ಗೃಹಸ್ಥನ ಸೊಂಟಕ್ಕೊಂದು ಆಯುಧನಿರ್ಣಯ

ಪೀಠಿಕೆ

ನಿತ್ಯವೂ ಮೈಮೇಲೆ ಧರಿಸಿ, ನೋಡುವವರ ಕಣ್ಣಿಗೆ ಬೀಳದಂತೆ ಓಡಾಡಲು ತಕ್ಕ ಸಣ್ಣ ಪಿಸ್ತೂಲು ಯಾವುದು? ಈ ಪ್ರಶ್ನೆಯನ್ನು ಅಮೆರಿಕದ ಆಚಾರ್ಯರು ಬಹುಕಾಲದಿಂದ ಅರೆದು ಕುಡಿದಿದ್ದಾರೆ. ಅವರಲ್ಲಿ ಗ್ಲಾಕ್ 19ರದು ಒಂದು ಪಂಥ, ಸಿಗ್ ಪಿ365ರದು ಇನ್ನೊಂದು. ಮನೆಯ ಹೊರಗೂ ಕೈಬಂದೂಕು ಧರಿಸುವುದು ನಾಗರಿಕನ ಹಕ್ಕು ಎಂದು 2022ರ ಜೂನ್‌ನಲ್ಲಿ ಬ್ರೂಯೆನ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತ ಮೇಲಂತೂ ಭಾಷ್ಯಗಳಿಗೆ ಲೆಕ್ಕವಿಲ್ಲ. ಇಷ್ಟೆಲ್ಲ ಬರೆದವರು ಹೈದರಾಬಾದಿನ ತಾರ್ನಾಕವನ್ನು ಮಾತ್ರ ಗಣನೆಗೇ ತೆಗೆದುಕೊಂಡಿಲ್ಲ. ಆ ಲೋಪವನ್ನು ತುಂಬಲು, ಮೀಮಾಂಸಕರ ಪದ್ಧತಿಯಂತೆ ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯ ಎಂಬ ಐದು ಅಂಗಗಳಲ್ಲಿ ಈ ಪ್ರಬಂಧವನ್ನು ರಚಿಸಲಾಗಿದೆ.

ವಿಷಯ

ಶಾಸ್ತ್ರಕ್ಕೆ ಉದಾಹರಣೆ ಬೇಕು. ಹಳೆಯ ಗ್ರಂಥಗಳಲ್ಲಿ ಉದಾಹರಣೆಗೆಂದೇ ಹುಟ್ಟಿ, ಹಗಲು ಊಟ ಬಿಟ್ಟರೂ ಮೈ ಇಳಿಯದ ದೇವದತ್ತನನ್ನೇ ಇಲ್ಲಿಗೂ ಕರೆಸಿಕೊಂಡಿದ್ದೇವೆ. ಈ ಜನ್ಮದಲ್ಲಿ ಅವನದು ರಾಯಚೂರು ಮೂಲ. ಅವನ ಅಜ್ಜನಿಗೆ ಹೈದರಾಬಾದು ರಾಜಧಾನಿಯಾಗಿತ್ತು. 1956ರ ನವೆಂಬರಿನಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗ ಗಂಟುಮೂಟೆ ಕಟ್ಟಲು ಬೇಸರವಾಗಿ ಮನೆತನ ಇಲ್ಲೇ ಉಳಿಯಿತು. ದೇವದತ್ತ ಈಗ ನಿವೃತ್ತ. ತಾರ್ನಾಕದ ಅಪಾರ್ಟ್‌ಮೆಂಟೊಂದರ ಮೂರನೆಯ ಮಹಡಿಯಲ್ಲಿ ವಾಸ. ಕಾಚಿಗುಡದ ಕನ್ನಡ ಸಮಾರಂಭಗಳಲ್ಲಿ ಎರಡನೆಯ ಸಾಲಿನ ಕುರ್ಚಿ. ಮೊದಲ ಸಾಲು ಸಿಗದಿರುವುದೇ ಅವನ ಶಸ್ತ್ರಾಕಾಂಕ್ಷೆಗೆ ಮೂಲವೆಂದು ಒಂದು ಮತ. ಕೆಳಮನೆಯ ಯಜ್ಞದತ್ತ ದಿನವೂ ತನ್ನ ಕಾರನ್ನು ಇವನ ಪಾರ್ಕಿಂಗಿನಲ್ಲಿ ನಿಲ್ಲಿಸುವುದೇ ಮೂಲವೆಂದು ಇನ್ನೊಂದು ಮತ. ದೇವದತ್ತನಿಗೆ ಯಾರನ್ನೂ ಸುಡುವ ಇಚ್ಛೆಯಿಲ್ಲ ಎಂಬುದನ್ನು ಎರಡೂ ಮತದವರು ಒಪ್ಪುತ್ತಾರೆ. "ಅವರ ಹತ್ತಿರ ಪಿಸ್ತೂಲಿದೆಯಂತೆ" ಎಂದು ನಾಲ್ಕು ಜನ ಅನ್ನಬೇಕು, ಅಷ್ಟೇ.

ಊರಿನ ಪರಂಪರೆಯೂ ಅವನ ಕಡೆಗೇ ಇದೆ. ಫ್ರೆಂಚ್ ಸೇನಾನಿ ರೇಮಂಡ್ 1786ರಲ್ಲಿ ಇಲ್ಲಿ ತೋಪು ಎರಕ ಹೊಯ್ಯುವ ಕಾರ್ಖಾನೆ ಕಟ್ಟಿಸಿದ. ಗನ್‌ಫೌಂಡ್ರಿ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ತೋಪನ್ನು ಅಂಗಿಯೊಳಗೆ ಅಡಗಿಸಿದವರಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಬೀದಿಗಳಲ್ಲಿ ಅರಬ್ ಸಿಪಾಯಿಗಳು ಜಂಬಿಯಾ ಬಾಕನ್ನು ಸೊಂಟಪಟ್ಟಿಯ ಮುಂಭಾಗಕ್ಕೇ ಸಿಕ್ಕಿಸಿಕೊಂಡು ನಡೆಯುತ್ತಿದ್ದರು. ಆಯುಧವೆಂದರೆ ತೋರಿಸುವ ವಸ್ತುವೆಂದೇ ಈ ನಗರ ನಂಬಿಕೊಂಡು ಬಂದಿದೆ.

ಗೃಹಿಣಿಯ ಪಕ್ಷವನ್ನೂ ದಾಖಲಿಸುವುದು ಶಾಸ್ತ್ರಕಾರನ ಧರ್ಮ: "ಅಲ್ಮಾರ್ಯಾಗ ನನ್ನ ಸೀರೀಗೇ ಜಾಗ ಇಲ್ಲ, ಇನ್ನ ನಿಮ್ಮ ಪಿಸ್ತೂಲ್ ಎಲ್ಲಿ ಇಡೋದ್ರೀ?" ಈ ವಾದಕ್ಕೆ ಇದುವರೆಗೆ ಪ್ರತ್ಯುತ್ತರ ಬಂದಿಲ್ಲ.

ಸಂಶಯ

ಅಡಗಿಸಿದ ಪಿಸ್ತೂಲು ಇದೆಯೆಂದು ಇತರರು ತಿಳಿಯುವುದು ಹೇಗೆ? ಕುಮಾರಿಲಭಟ್ಟನ ಅನುಯಾಯಿಗಳು ಆರು ಪ್ರಮಾಣಗಳನ್ನು ಒಪ್ಪುತ್ತಾರೆ. ಪ್ರತ್ಯಕ್ಷಪ್ರಮಾಣ ಇಲ್ಲಿ ಕೆಲಸಕ್ಕೆ ಬಾರದು. ಕಂಡರೆ ಅದು ಗುಪ್ತವಲ್ಲ. ಆರನೆಯದಾದ ಅನುಪಲಬ್ಧಿಯ ಪ್ರಕಾರ, ಕಾಣಬೇಕಾದದ್ದು ಕಾಣದಿದ್ದರೆ ಅದು ಇಲ್ಲ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಹೀಗಾದರೆ ದೇವದತ್ತ ಲಕ್ಷ ರೂಪಾಯಿ ಸುರಿದು ಕೊಂಡ ಪಿಸ್ತೂಲು ಯಜ್ಞದತ್ತನ ಪಾಲಿಗೆ ಇಲ್ಲದ ಗಡಿಗೆಯೇ ಆಗುತ್ತದೆ. ಪ್ರಾಭಾಕರರು ಅನುಪಲಬ್ಧಿಯನ್ನೇ ತಳ್ಳಿಹಾಕುತ್ತಾರೆ. ಗುಪ್ತಪಿಸ್ತೂಲು ಮಾರುವವರು ಆ ಪಂಥದವರೇ ಇರಬೇಕು.

ಉಳಿದವುಗಳಲ್ಲಿ ಇಲ್ಲಿಗೆ ಒದಗುವುದು ಅರ್ಥಾಪತ್ತಿ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ. ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಅದೇ ಧಾಟಿಯಲ್ಲಿ, ಸೊಂಟದ ಬಳಿ ಅಂಗಿ ಉಬ್ಬಿದೆ, ಆದ್ದರಿಂದ ಪಿಸ್ತೂಲಿದೆ. ಈ ತರ್ಕಕ್ಕೆ ತಾರ್ನಾಕದಲ್ಲಿ ಗಂಭೀರ ಬಾಧಕವಿದೆ. 1918ರಲ್ಲಿ ಕೂನೂರಿನಲ್ಲಿ ಹುಟ್ಟಿ 1958ರಲ್ಲಿ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೋಷಣಾ ಸಂಸ್ಥೆ ಇರುವುದು ಇದೇ ಬಡಾವಣೆಯಲ್ಲಿ. ಭಾರತದ ಗಂಡಸಿನ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಿದರೆ ಹೊಟ್ಟೆಯ ಬೊಜ್ಜು ಎಂದು ವೈದ್ಯಶಾಸ್ತ್ರ ಎಣಿಸುತ್ತದೆ. ದೇವದತ್ತ ಆ ಗಡಿಯನ್ನು ನಿವೃತ್ತಿಗೆ ಮೊದಲೇ ದಾಟಿದ್ದಾನೆ. ಹೀಗಾಗಿ ಉಬ್ಬು ಬಿರಿಯಾನಿಯದೋ ಪಿಸ್ತೂಲಿನದೋ ಎಂಬುದು ಬಗೆಹರಿಯುವುದಿಲ್ಲ. ಸುತ್ತಮುತ್ತಲಿನ ವಿಜ್ಞಾನಮಂದಿರಗಳೂ ನೆರವಿಗೆ ಬರವು. ಹಬ್ಸಿಗುಡದ ಸಿಸಿಎಂಬಿ ಅವನ ಡಿಎನ್‌ಎ ನೋಡಿ ತಂದೆ ಯಾರೆಂದು ಹೇಳೀತು, ಪ್ಯಾಂಟಿನೊಳಗೆ ಏನಿದೆಯೆಂದು ಹೇಳದು. ಎನ್‌ಜಿಆರ್‌ಐ ಭೂಮಿಯ ಗುರುತ್ವದ ಸೂಕ್ಷ್ಮ ವ್ಯತ್ಯಾಸಗಳನ್ನು ಅಳೆಯುತ್ತದೆ. ದೇವದತ್ತ ಅದರ ಕಾರ್ಯವ್ಯಾಪ್ತಿಗೆ ಇನ್ನೂ ಸ್ವಲ್ಪ ಕಡಿಮೆ ಬೀಳುತ್ತಾನೆ.

ಪೂರ್ವಪಕ್ಷ

ಅಮೆರಿಕದ ಆಚಾರ್ಯರ ಮತವನ್ನು ನ್ಯಾಯವಾಗಿ ಮಂಡಿಸೋಣ. ಉತ್ತಮ ಗುಪ್ತಪಿಸ್ತೂಲು ಧರಿಸುವವನಿಗೆ ಅವರು ನಾಲ್ಕು ನಿಯಮ ಹೇಳುತ್ತಾರೆ. ಒಂದು, ಬೋರು 9 ಎಂಎಂ ಇರಲಿ. ಅದಕ್ಕಿಂತ ಸಣ್ಣದು ಅಶಕ್ತ, ದೊಡ್ಡದು ಕೈಯನ್ನೇ ಒದೆಯುತ್ತದೆ. ಎರಡು, ಗುಂಡುಗಳು ಧಾರಾಳವಾಗಿರಲಿ. ಗ್ಲಾಕ್ 19ರ ಮ್ಯಾಗಜಿನ್ನಿನಲ್ಲಿ 15 ಹಿಡಿಯುತ್ತವೆ, 2018ರಲ್ಲಿ ಬಂದ ಇನ್ನೂ ಕಿರಿದಾದ ಪಿ365ರಲ್ಲಿ 10. ಮೂರು, ಒರೆಯನ್ನು ಪ್ಯಾಂಟಿನ ಒಳಮಗ್ಗುಲಿಗೆ ಸಿಕ್ಕಿಸಿಕೊಳ್ಳಬೇಕಾದ್ದರಿಂದ ಪ್ಯಾಂಟನ್ನು ಒಂದಳತೆ ದೊಡ್ಡದು ಕೊಳ್ಳಿರಿ. ನಾಲ್ಕು, ದಿನವೂ ತಪ್ಪದೆ ಧರಿಸಿರಿ. ಕೊನೆಯಲ್ಲಿ ಉಪದೇಶ: ಅಂಗಡಿಗೆ ಹೋಗಿ ಹತ್ತಾರನ್ನು ಕೈಯಲ್ಲಿ ಹಿಡಿದು ನೋಡಿ, ಅಂಗೈಗೆ ಹೊಂದಿದ್ದನ್ನು ಆರಿಸಿಕೊಳ್ಳಿರಿ.

ಈ ನಾಲ್ಕರಲ್ಲಿ ದೇವದತ್ತ ಪಾಲಿಸಬಹುದಾದದ್ದು ಪ್ಯಾಂಟಿನದೊಂದೇ. ಅದನ್ನು ಅವನು ಬೇರೆ ಕಾರಣಕ್ಕೆ ಈಗಾಗಲೇ ಪಾಲಿಸಿದ್ದಾನೆ.

ಉತ್ತರಪಕ್ಷ

1959ರ ಶಸ್ತ್ರಾಸ್ತ್ರ ಕಾಯ್ದೆ 1962ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಆರಿಸುವ ಕಷ್ಟವನ್ನು ಅದು ನಾಗರಿಕನ ತಲೆಯಿಂದ ದಯೆಯಿಂದ ಇಳಿಸಿದೆ. 9 ಎಂಎಂ ನಿಷೇಧಿತ ಬೋರು. ಅದು ಪೊಲೀಸರದು, ಸೇನೆಯದು. ಸಾಮಾನ್ಯನ ಪಾಲಿಗೆ ಬರುವ ಕೈಬಂದೂಕೆಂದರೆ ಬಹುಮಟ್ಟಿಗೆ .32 ಬೋರಿನದು. 1980ರ ದಶಕದ ನಡುವಿನಿಂದ ಹೊರದೇಶದ ಪಿಸ್ತೂಲುಗಳ ಆಮದು ನಿಂತಿದೆ. ಅದಕ್ಕೆ ಮೊದಲು ಬಂದ ವಾಲ್ಥರ್, ವೆಬ್ಲಿಗಳು ಒಬ್ಬರ ಪರವಾನಗಿಯಿಂದ ಇನ್ನೊಬ್ಬರ ಪರವಾನಗಿಗೆ ದಾಟುತ್ತ, ಮುಪ್ಪಾದಷ್ಟೂ ಬೆಲೆ ಏರಿಸಿಕೊಳ್ಳುತ್ತವೆ. ಮನುಷ್ಯರಿಗೆ ಈ ಭಾಗ್ಯವಿಲ್ಲ.

ಉಳಿದದ್ದು ಹೆಚ್ಚಾಗಿ ಸರ್ಕಾರಿ ಕಾರ್ಖಾನೆಯ ಸರಕು. ದೆಹಲಿಯ ನಿರ್ಭಯಾಳ ನೆನಪಿನಲ್ಲಿ, ಹೆಂಗಸರ ರಕ್ಷಣೆಗೆಂದು, ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ 2014ರ ಜನವರಿಯಲ್ಲಿ 'ನಿರ್ಭೀಕ್' ರಿವಾಲ್ವರನ್ನು ಹೊರತಂದಿತು. ಟೈಟಾನಿಯಂ ಮಿಶ್ರಲೋಹ, ತೂಕ 500 ಗ್ರಾಂ, ಆಗಿನ ಬೆಲೆ 1,22,360 ರೂಪಾಯಿ. ಅಷ್ಟು ದುಡ್ಡಿದ್ದ ಹೆಣ್ಣುಮಗಳು ರಾತ್ರಿ ಹೊತ್ತು ಬಸ್ಸಿಗೇಕೆ ಕಾಯುತ್ತ ನಿಂತಾಳು ಎಂಬ ಪ್ರಶ್ನೆ ಬೆಲೆಪಟ್ಟಿಯಲ್ಲಿ ಇರಲಿಲ್ಲ. 2023ರ ಆಗಸ್ಟಿನಲ್ಲಿ ಅದೇ ಕಾನ್ಪುರದಿಂದ 'ಪ್ರಬಲ್' ಬಂತು. ಗುರಿ 50 ಮೀಟರ್ ಮುಟ್ಟುತ್ತದೆಂದು ಹೊಗಳಿದರು. ಯಜ್ಞದತ್ತನ ಕಾರು ಲಿಫ್ಟಿನಿಂದ ಅದಕ್ಕಿಂತ ಬಹಳ ಹತ್ತಿರದಲ್ಲಿದೆ.

ತಾನು ಕೊಡಗಿನಲ್ಲಾದರೂ ಹುಟ್ಟಬಾರದಿತ್ತೇ ಎಂದು ದೇವದತ್ತ ಹಳಹಳಿಸಿದ್ದುಂಟು. ಕೊಡವರಿಗೂ ಅಲ್ಲಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಡ. ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಆದರೆ ವಿನಾಯಿತಿ ಇರುವುದು ಕೋವಿಗೆ, ರೈಫಲ್ಲಿಗೆ, ಪಿಸ್ತೂಲಿಗಲ್ಲ. ಕೈಲ್ ಮುಹೂರ್ತದಲ್ಲಿ ಹೂ ಮುಡಿಸಿ ಪೂಜಿಸುವ ಆ ಉದ್ದ ಕೋವಿಯನ್ನು ಅಡಗಿಸುವುದು ದೇವದತ್ತನ ಪ್ಯಾಂಟಿನಲ್ಲೂ ಅಸಾಧ್ಯ.

ಇನ್ನು ನಿತ್ಯಧಾರಣೆಯ ಪ್ರಶ್ನೆ. ವಿಶೇಷ ಅನುಮತಿಯಿಲ್ಲದೆ ಆಯುಧವನ್ನು ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಜನ ನೆರೆಯುವ ಸಭೆಗೆ, ಶಿಕ್ಷಣ ಸಂಸ್ಥೆಯ ಆವರಣಕ್ಕೆ ಒಯ್ಯಕೂಡದೆಂದು ಪರವಾನಗಿಯ ಶರತ್ತುಗಳು ಹೇಳುತ್ತವೆ. ಈ ಶರತ್ತನ್ನು ತಾರ್ನಾಕದ ನಕಾಶೆಯ ಮೇಲೆ ಹಾಸಿ ನೋಡೋಣ. ದೇವದತ್ತನ ಬೆಳಗಿನ ನಡಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಮರಗಳ ಕೆಳಗೆ, 1939ರ ಆರ್ಟ್ಸ್ ಕಾಲೇಜಿನ ಮೆಟ್ಟಿಲವರೆಗೆ: ನಿಷಿದ್ಧ. ಜನವರಿಯಲ್ಲಿ ನಾಂಪಲ್ಲಿಯ ನುಮಾಯಿಷ್: ಜಾತ್ರೆ, ನಿಷಿದ್ಧ. ಆಷಾಢದ ಬೋನಾಲು, ಭಾದ್ರಪದದ ಗಣೇಶ ವಿಸರ್ಜನೆ: ಮೆರವಣಿಗೆ, ನಿಷಿದ್ಧ. ಕಾಚಿಗುಡದ ರಾಜ್ಯೋತ್ಸವ: ಸಭೆ, ನಿಷಿದ್ಧ, ಪ್ರೇಕ್ಷಕರ ಸಂಖ್ಯೆ ನೋಡಿ ಅದು 'ಜನ ನೆರೆಯುವ ಸಭೆ' ಅಲ್ಲವೆಂದು ವಾದಿಸಬಹುದು, ಆದರೆ ಹಾಗೆ ವಾದಿಸಿದವನಿಗೆ ಎರಡನೆಯ ಸಾಲೂ ತಪ್ಪುತ್ತದೆ. ತಾರ್ನಾಕ ಮೆಟ್ರೋ ನಿಲ್ದಾಣದಲ್ಲಿ ಲೋಹಶೋಧಕದ ಬಾಗಿಲು ಕೂಗಿಕೊಳ್ಳುತ್ತದೆ. ಮದುವೆಮನೆಯಲ್ಲಿ ಸಂಭ್ರಮಕ್ಕೆಂದು ಗಾಳಿಯಲ್ಲಿ ಹಾರಿಸಿದರೆ, 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಚುನಾವಣೆ ಬಂತೆಂದರೆ ಆಯುಧವನ್ನು ಠಾಣೆಯಲ್ಲಿ ಒಪ್ಪಿಸುವಂತೆ ಆಜ್ಞೆಯಾಗುತ್ತದೆ. ತೆಲಂಗಾಣದಲ್ಲಿ 2023ರ ನವೆಂಬರಿನಲ್ಲಿ ವಿಧಾನಸಭೆಗೆ, 2024ರ ಮೇ ತಿಂಗಳಲ್ಲಿ ಲೋಕಸಭೆಗೆ ಮತದಾನ. ಅಂಥ ವರ್ಷದಲ್ಲಿ ಪಿಸ್ತೂಲನ್ನು ಮಾಲೀಕನಿಗಿಂತ ಠಾಣೆಯ ಮುನ್ಷಿಯೇ ಹೆಚ್ಚು ಬಲ್ಲ.

ಇವೆಲ್ಲವನ್ನೂ ಕಳೆದರೆ ನಿರ್ಬಾಧವಾಗಿ ಉಳಿಯುವುದು ಮಲಗುವ ಕೋಣೆಯಿಂದ ಪಾರ್ಕಿಂಗ್‌ವರೆಗಿನ ದಾರಿ.

ಇದಕ್ಕೂ ಮೊದಲು ಪರವಾನಗಿ ಸಿಗಬೇಕು, ಅದಕ್ಕೆ ಜೀವಭಯ ಬೇಕು. ದೇವದತ್ತನಿಗೆ ಶತ್ರುಗಳಿಲ್ಲ. ತುಂಬ ಯೋಚಿಸಿ ಅವನು ಯಜ್ಞದತ್ತನ ಬಳಿಗೇ ಹೋಗಿ, ತನಗೊಂದು ಬೆದರಿಕೆ ಹಾಕಿಕೊಡಬೇಕೆಂದು ವಿನಂತಿಸಿದ. "ಹಾಕೋಣ ಸಾರ್, ಅದಕ್ಕೇನಂತೆ," ಎಂದ ಯಜ್ಞದತ್ತ. "ಆದರೆ ಆ ಪಾರ್ಕಿಂಗ್ ಜಾಗ ನನ್ನ ಹೆಸರಿಗೆ ಬರೆದುಕೊಡಿ."

ಇಲ್ಲಿ ಒಂದು ಅಪವಾದವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅಡಗಿಸಿ ತಂದ ಸಣ್ಣ ಪಿಸ್ತೂಲು ತಾನು ಬಂದ ಕೆಲಸ ಮುಗಿಸಿಹೋದ ಉದಾಹರಣೆಗಳು ಕನ್ನಡನಾಡಿನಲ್ಲಿವೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಯಲ್ಲಿ ಎಂ. ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ಮನೆಯ ಮುಂದೆ ಗೌರಿ ಲಂಕೇಶ್. ಎರಡೂ ಕಡೆ ಹಾರಿದ್ದು ಒಂದೇ 7.65 ಎಂಎಂ ನಾಡಪಿಸ್ತೂಲು ಎಂದು ವಿಧಿವಿಜ್ಞಾನ ವರದಿ ಹೇಳಿತು. 7.65 ಎಂದರೆ ಹೆಚ್ಚುಕಡಿಮೆ ಕಾನೂನು ದೇವದತ್ತನಿಗೆ ಕೊಡಬಹುದಾದ .32ರ ಅಳತೆಯೇ. ನಾಡಪಿಸ್ತೂಲಿಗೆ ಅರ್ಜಿಯ ನಮೂನೆಯಿಲ್ಲ, ಶರತ್ತುಗಳಿಲ್ಲ, ಚುನಾವಣೆಗೆ ಮೊದಲು ಅದನ್ನು ಯಾರೂ ಠಾಣೆಗೆ ಒಪ್ಪಿಸುವುದಿಲ್ಲ. ಕೊಲ್ಲಲೆಂದೇ ಹೊರಟವನಿಗೆ ಪಿಸ್ತೂಲು ಕಾಣದಿರುವುದೇ ಮುಖ್ಯ. ದೇವದತ್ತನಿಗೆ ಬೇಕಿರುವುದು ಅದರ ಸುದ್ದಿ.

ನಿರ್ಣಯ

ಸುದ್ದಿಯೇ ಬೇಕಾದವನಿಗೆ ತಕ್ಕ ಆಯುಧ ಹಗುರವಾಗಿರಬೇಕು, ಯಾರಿಗೂ ಕಾಣಬಾರದು, ಎಲ್ಲೆಡೆಗೂ ಒಯ್ಯುವಂತಿರಬೇಕು, ಆದರೂ ಬಡಾವಣೆಗೆಲ್ಲ ಗೊತ್ತಿರಬೇಕು. ಈ ನಾಲ್ಕೂ ಲಕ್ಷಣಗಳು ಏಕತ್ರ ಕಂಡುಬರುವುದು ನಗರ ಪೊಲೀಸ್ ಕಮಿಷನರರ ಕಚೇರಿಗೆ ಸಲ್ಲಿಸಿ, ಪರಿಶೀಲನೆಯಲ್ಲಿರುವ ಅರ್ಜಿಯಲ್ಲಿ.

ಪರೀಕ್ಷಿಸಿ ನೋಡಬಹುದು. ಅರ್ಜಿಯ ಸ್ವೀಕೃತಿ ಒಂದು ಎ4 ಹಾಳೆ. ತೂಕ 5 ಗ್ರಾಂ, ನಿರ್ಭೀಕ್‌ನ ನೂರರಲ್ಲೊಂದು ಪಾಲು. ಮಡಚಿದರೆ ಯಾವ ಅಂಗಿಯ ಜೇಬಿನಲ್ಲೂ ಉಬ್ಬು ಕಾಣದು. ಆರ್ಟ್ಸ್ ಕಾಲೇಜಿನ ಮೆಟ್ಟಿಲು, ನುಮಾಯಿಷ್, ಬೋನಾಲು, ಮೆಟ್ರೋ, ಮದುವೆಮನೆ, ಎಲ್ಲಿಗೂ ತಡೆಯಿಲ್ಲ. ಚುನಾವಣೆ ಬಂದರೆ ಒಪ್ಪಿಸಬೇಕಿಲ್ಲ. ಅದು ಮೊದಲೇ ಪೊಲೀಸರ ಬಳಿ ಇದೆ. ಅಲ್ಮಾರಿಯ ಸೀರೆಗಳಿಗೂ ಬಾಧೆಯಿಲ್ಲ. ಅರ್ಜಿ ತಿರಸ್ಕೃತವಾದರೆ? ಕಾರಣವನ್ನು ಲಿಖಿತದಲ್ಲಿ ದಾಖಲಿಸಬೇಕೆಂದು ಕಾಯ್ದೆಯ 14ನೆಯ ಕಲಂ ಹೇಳುತ್ತದೆ, 18ನೆಯ ಕಲಂ ಮೇಲ್ಮನವಿಗೆ ದಾರಿ ಕೊಡುತ್ತದೆ. ಮೇಲ್ಮನವಿಯೇ ಈ ಆಯುಧದ ಎರಡನೆಯ ಮ್ಯಾಗಜಿನ್. ಮಂಜೂರಾಗಿಬಿಟ್ಟರೆ ಮಾತ್ರ ಅನರ್ಥ: ಆಗ ನಿಜವಾಗಿಯೂ ದುಡ್ಡು ಕೊಟ್ಟು ಪಿಸ್ತೂಲು ಕೊಂಡು, ಮೇಲೆ ಹೇಳಿದ ಶರತ್ತುಗಳೊಂದಿಗೆ ಐದು ವರ್ಷ ಸಂಸಾರ ಮಾಡಬೇಕಾಗುತ್ತದೆ.

ಫಲಶ್ರುತಿ

ಈ ಪ್ರಬಂಧವನ್ನು ಓದಿದವರಿಗೆ ಪರವಾನಗಿ ದೊರೆಯುತ್ತದೆಂದು ಗ್ರಂಥಕರ್ತನು ಆಶ್ವಾಸನೆ ಕೊಡುವುದಿಲ್ಲ. ಪಾರ್ಕಿಂಗ್ ದೊರೆಯಬಹುದು. ದೇವದತ್ತ ಸಲ್ಲಿಸಿದ ಅರ್ಜಿಯ ವಿಚಾರಣೆಗೆಂದು ಠಾಣೆಯ ಪೇದೆ ಬಂದ ದಿನ ಯಜ್ಞದತ್ತ ತನ್ನ ಕಾರನ್ನು ತಾನಾಗಿಯೇ ತೆಗೆದು ರಸ್ತೆಗೆ ಹಾಕಿದ. ಪೇದೆ ನೆರೆಯವನ ಹೇಳಿಕೆ ಕೇಳಿದಾಗ, ಉಪಕಾರ ಮಾಡುವ ಉತ್ಸಾಹದಲ್ಲಿ, "ಇವರಷ್ಟು ಒಳ್ಳೆಯವರು ಈ ಬೀದಿಯಲ್ಲೇ ಇಲ್ಲ, ಇವರಿಗೆ ಒಬ್ಬ ಶತ್ರುವೂ ಇಲ್ಲ" ಎಂದು ಬರೆಸಿ ಸಹಿ ಹಾಕಿದ. ಅರ್ಜಿ ಅಲ್ಲಿಗೆ ಮಲಗಿತು. ದೇವದತ್ತ ಈಗ ಮೇಲ್ಮನವಿ ಸಿದ್ಧಪಡಿಸುತ್ತಿದ್ದಾನೆ. ಅದರಲ್ಲಿ ಯಜ್ಞದತ್ತನನ್ನು ಒಂದನೆಯ ಶತ್ರುವೆಂದು ನಮೂದಿಸಲಾಗಿದೆ. ಟೈಪು ಮಾಡಿಕೊಡುತ್ತಿರುವವನು ಯಜ್ಞದತ್ತ. 'ಪ್ರಾಣಭೀತಿ' ಎಂಬಲ್ಲಿ ಮಹಾಪ್ರಾಣ ಬಿಟ್ಟುಹೋಗಿದ್ದನ್ನು ಅವನೇ ತಿದ್ದಿದ.