ಕೃಷ್ಣವೃಷಭ ವಿಕ್ರಯ ಮೀಮಾಂಸೆ

ಅಮೆರಿಕದ ಮೊಂಟಾನಾ, ನೆಬ್ರಾಸ್ಕಾ, ಡಕೋಟಾ ಸೀಮೆಗಳಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಒಂದೊಂದು ಮನೆತನದ ರ‍್ಯಾಂಚಿನಲ್ಲೂ ಜರುಗುವ ಆಂಗಸ್ ತಳಿಯ ಹೋರಿಗಳ ವಾರ್ಷಿಕ ಹರಾಜೆಂಬ ವಿದ್ಯಮಾನವನ್ನು ಆರ್ಥಿಕ, ಸಾಂಸ್ಕೃತಿಕ, ಸಾಂಕೇತಿಕ ಹಾಗೂ (ಸಮಯ ಉಳಿದರೆ) ಹೋರಿ ಸಂಬಂಧಿ ನೆಲೆಗಳಲ್ಲಿ ಮುಖಾಮುಖಿಯಾಗಿಸುವುದು ಪ್ರಸ್ತುತ ಪ್ರಬಂಧದ ಆಶಯವಾಗಿರುತ್ತದೆ. ಈವರೆಗಿನ ವಿದ್ವಾಂಸರು ಹೋರಿಯನ್ನು ಹೋರಿಯೆಂದೇ ಭಾವಿಸಿ ದಾರಿ ತಪ್ಪಿದ್ದಾರೆ. ನಮ್ಮ ಸಿದ್ಧಾಂತದಂತೆ ಹೋರಿಯು ಒಂದು ಪಠ್ಯ. ಆರುನೂರು ಕಿಲೋ ತೂಗುವ ಪಠ್ಯವಾದ್ದರಿಂದ ಓದುವಾಗ ಅದರ ಹಿಂದೆ ನಿಲ್ಲಬಾರದೆಂಬುದಷ್ಟೇ ನಮ್ಮ ಅಧ್ಯಯನ ವಿಧಾನ.

ಮೊದಲಿಗೆ ಆಕರ ಸಾಮಗ್ರಿ. ಹರಾಜಿಗೆ ಕೆಲವು ವಾರ ಮುಂಚೆ ಪ್ರತಿ ರ‍್ಯಾಂಚೂ ಹೊಳಪು ಕಾಗದದ ಕ್ಯಾಟಲಾಗೊಂದನ್ನು ಹೊರತರುತ್ತದೆ. ನಮ್ಮ ಲಾಕ್ಷಣಿಕರು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ವಿಧಿಸಿ ಸುಮ್ಮನಾದರು; ಕ್ಯಾಟಲಾಗು ಅಷ್ಟಕ್ಕೆ ತೃಪ್ತವಾಗುವುದಿಲ್ಲ. ಪೀಠಿಕಾ ಸಂಧಿಯಲ್ಲಿ ಯಜಮಾನರ ಪತ್ರ: ಹೋದ ಬೇಸಿಗೆಯ ಬರ, ದೇವರ ದಯೆ, ಹೊಸದಾಗಿ ಹುಟ್ಟಿದ ಮೊಮ್ಮಗಳು, ನಾಲ್ಕನೆಯ ತಲೆಮಾರು, ಗಿರಾಕಿಗಳೂ ನಮ್ಮ ಮನೆಯವರೇ ಇತ್ಯಾದಿ. ಪಕ್ಕದಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟ ಇಡೀ ವಂಶ ಹಾಗೂ ಒಂದು ನಾಯಿ. ಮುಂದಿನ ಪುಟಗಳಲ್ಲಿ ಹೋರಿಗಳು. ಎಲ್ಲವೂ ಕಪ್ಪು, ಎಲ್ಲಕ್ಕೂ ಕೊಂಬಿಲ್ಲ, ಎಲ್ಲವೂ ಪಕ್ಕಕ್ಕೆ ತಿರುಗಿ ಹುಲ್ಲಿನ ಮೇಲೆ ಒಂದೇ ಭಂಗಿಯಲ್ಲಿ ನಿಂತಿವೆ. ಹೆತ್ತ ಹಸುವಿಗೂ ಗುರುತು ಸಿಗದು. ಆದ್ದರಿಂದಲೇ ವಿದ್ವತ್ತಿಗೆ ಇಲ್ಲಿ ಇಷ್ಟೊಂದು ಅವಕಾಶ.

ಇನ್ನು ಇತಿಹಾಸ, ಸಂಕಿರಣದಲ್ಲಿ ಅಧ್ಯಕ್ಷರು ಚೀಟಿ ಕಳಿಸುವವರೆಗೂ ಎಳೆಯಬೇಕಾದ ಭಾಗ. ಸ್ಕಾಟ್ಲೆಂಡಿನ ಈಶಾನ್ಯಕ್ಕೆ ಅಬರ್ಡೀನ್, ಆಂಗಸ್ ಎಂಬ ಸೀಮೆಗಳು. ಕೀಲರ್ ಎಂಬಲ್ಲಿ ಹ್ಯೂ ವಾಟ್ಸನ್ 1808ರಲ್ಲಿ ಬೋಳುತಲೆಯ ಕರಿ ದನಗಳನ್ನು ಆರಿಸಿ ಸಾಕತೊಡಗಿದ. ಅವನ ಬಳಿ ಓಲ್ಡ್ ಗ್ರ‍್ಯಾನಿ ಎಂಬ ಹಸುವಿತ್ತು. ಮೂವತ್ತೈದು ವರ್ಷ ಬಾಳಿ, ಇಪ್ಪತ್ತೊಂಬತ್ತು ಕರು ಹಾಕಿ, ಸಿಡಿಲು ಬಡಿದು ಸತ್ತಿತು. ತಳಿಯ ವಂಶಾವಳಿ ಪುಸ್ತಕದ ಮೊದಲ ಸಂಪುಟ 1862ರಲ್ಲಿ ಬಂತು. 1873ರಲ್ಲಿ ಜಾರ್ಜ್ ಗ್ರಾಂಟ್ ಎಂಬಾತ ನಾಲ್ಕು ಹೋರಿಗಳನ್ನು ಕಾನ್ಸಾಸಿನ ವಿಕ್ಟೋರಿಯಾಕ್ಕೆ ತಂದ. ಆ ವರ್ಷದ ದನಗಳ ಪ್ರದರ್ಶನವೊಂದರಲ್ಲಿ ಕೊಂಬಿಲ್ಲದ ಇವನ್ನು ಜನ ವಿಚಿತ್ರ ಪ್ರಾಣಿಯೆಂಬಂತೆ ನೋಡಿದರು. ಹತ್ತೇ ವರ್ಷದಲ್ಲಿ, ಅಂದರೆ 1883ರಲ್ಲಿ, ಶಿಕಾಗೋದಲ್ಲಿ ತಳಿಗಾರರ ಸಂಘವೇ ಹುಟ್ಟಿತು. ಸಂಘ ಹುಟ್ಟಿದ ಮೇಲೆ ಪರಿಭಾಷೆ ಹುಟ್ಟದೆ ಇರುತ್ತದೆಯೇ?

ಪರಿಭಾಷಾ ಪ್ರಕರಣವೇ ಈ ಶಾಸ್ತ್ರದ ಗರ್ಭಗುಡಿ. ಪ್ರತಿ ಹೋರಿಯ ಚಿತ್ರದ ಕೆಳಗೆ ಅಂಕಿಗಳ ಒಂದು ಕೋಷ್ಟಕವಿರುತ್ತದೆ. ಅಲ್ಲಿಯವರು ಸರಳವಾಗಿ ಇ.ಪಿ.ಡಿ. ಎನ್ನುತ್ತಾರೆ, ಈ ಹೋರಿಯ ಕರುಗಳು ಇನ್ನೊಂದು ಹೋರಿಯ ಕರುಗಳಿಗಿಂತ ತೂಕದಲ್ಲೋ ಬೇರೆ ಗುಣದಲ್ಲೋ ಎಷ್ಟು ಹೆಚ್ಚೋ ಕಡಿಮೆಯೋ ಆದಾವು ಎಂಬ ಅಂದಾಜು. ಅಷ್ಟು ಸರಳವಾಗಿ ಹೇಳಿದರೆ ಪದೋನ್ನತಿ ಸಿಗುವುದಿಲ್ಲವಾದ್ದರಿಂದ ನಾವು ಅದನ್ನು ಸಂತಾನನಿರೀಕ್ಷಾವ್ಯತ್ಯಾಸಾಂಕವೆಂದು ಕರೆದಿದ್ದೇವೆ. ಇದರ ಉಪಭೇದಗಳು: ಸುಖಪ್ರಸವಾಂಕ, ಜನನಭಾರಾಂಕ, ಸ್ತನ್ಯವಿಮೋಚನಭಾರಾಂಕ, ಸೌಮ್ಯತಾಂಕ, ಗೊರಸುಕೋನಾಂಕ, ರೋಮಪತನಾಂಕ, ಮೇದೋರೇಖಾಂಕ, ಎತ್ತರದ ಸೀಮೆಯವರಿಗಾಗಿ ಶ್ವಾಸಕೋಶಧಮನಿಪೀಡನಾಂಕ, ಸೆಂಟಿಮೀಟರಿನಲ್ಲಿ ವೃಷಣಪರಿಧ್ಯಂಕ. ಕೊನೆಗೆ ಇವನ್ನೆಲ್ಲ ಕಲಸಿ ಡಾಲರಿನಲ್ಲಿ ಹೇಳುವ ಮೂರ್ನಾಲ್ಕು ಮಹಾಂಕ. ಇಷ್ಟೂ ನಿಜವಾಗಿ ಇವೆ. ಹೆಸರನ್ನಷ್ಟೇ ನಾನು ಕೆಡಿಸಿದ್ದೇನೆ. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ 'ನಿಖರತೆ' ಎಂಬ ಇನ್ನೊಂದು ಅಂಕಿ ಇರುತ್ತದೆ. ಅದು ಒಂದಕ್ಕೆ ಹತ್ತಿರವಾದಷ್ಟೂ ಅಂದಾಜನ್ನು ನಂಬಬಹುದು. ಇನ್ನೂ ಒಂದು ಕರುವಿಗೂ ತಂದೆಯಾಗದ ಮರಿಹೋರಿಯಲ್ಲಿ ಎಷ್ಟೋ ಗುಣಗಳಿಗೆ ಅದು ಅರ್ಧವನ್ನೂ ಮುಟ್ಟಿರುವುದಿಲ್ಲ. ದಶಮಾಂಶ ಚಿಹ್ನೆಯಾದ ಮೇಲೆ ಎರಡು ಸ್ಥಾನ ಮಾತ್ರ ತಪ್ಪದೆ ಅಚ್ಚಾಗಿರುತ್ತದೆ.

ನಮ್ಮ ದನದ ಜಾತ್ರೆಗಳಲ್ಲಿ ಮುದುಕರು ಸುಳಿ ನೋಡುತ್ತಾರಲ್ಲ, ಈ ಸುಳಿಯಿದ್ದರೆ ಮನೆ ಏಳಿಗೆ, ಆ ಸುಳಿಯಿದ್ದರೆ ಯಜಮಾನನಿಗೆ ಕೇಡು ಎಂದು, ಅದನ್ನು ಕಂಡು ನಕ್ಕ ಪಶುವಿಜ್ಞಾನಿಗಳು ಈ ಕೋಷ್ಟಕದ ಮುಂದೆ ಟೋಪಿ ತೆಗೆದು ನಿಲ್ಲುತ್ತಾರೆ. ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಸುಳಿಗಿಂತ ಈ ಅಂಕಿಗಳು ಎಷ್ಟೋ ಮೇಲು. ಫೆಬ್ರವರಿಯ ನಡುರಾತ್ರಿ, ಹಿಮದಲ್ಲಿ, ಚೊಚ್ಚಲ ಕಡಸಿನ ಹೊಟ್ಟೆಯಲ್ಲಿ ದಪ್ಪ ಕರು ಸಿಕ್ಕಿಕೊಂಡಾಗ ಸರಪಳಿ ಹಾಕಿ ಎಳೆದವನಿಗೆ ಸುಖಪ್ರಸವಾಂಕ ನಗುವ ವಿಷಯವಲ್ಲ. ಆದರೆ ಅಂಕಿ ಹಿಡಿಯದ್ದೂ ಉಂಟು. 2008ರಲ್ಲಿ ಬೆನ್ನು ಸೊಟ್ಟಗಾದ, ಕಾಲು ಮಡಿಚಿಕೊಂಡ ಸತ್ತ ಕರುಗಳು ಹುಟ್ಟುತ್ತಿರುವುದು ಬಯಲಾಗಿ, ದೋಷದ ಜಾಡು ಹಿಡಿದು ಹೋದವರು ಮುಟ್ಟಿದ್ದು ತಳಿಯಲ್ಲೆಲ್ಲ ರಕ್ತ ಹರಡಿದ್ದ ಒಂದು ಪ್ರಸಿದ್ಧ ಹೋರಿಯನ್ನು. ಅದರ ಹೆಸರು ಪ್ರಿಸಿಷನ್ 1680. ಟಿಪ್ಪಣಿ ಅನಗತ್ಯ.

ಈಗ ಹರಾಜಿನ ರಂಗಪ್ರಯೋಗ. ಮಧ್ಯಾಹ್ನದ ಊಟ ಉಚಿತ. ತಮ್ಮದೇ ದನದ ಮಾಂಸ, ಬ್ರೆಡ್ಡು, ಬೀನ್ಸು, ನೀರಾದ ಕಾಫಿ. ಊಟವಾದ ಮೇಲೆ ಹರಾಜುಗಾರ ಹತ್ತಿ ನಿಂತು ಬೆಲೆಯನ್ನು ಉಸಿರು ಬಿಡದೆ ಹಾಡುತ್ತಾನೆ. ಸಭೆಯೊಳಗೆ ಅಲ್ಲಲ್ಲಿ ನಿಂತ ಅವನ ಸಹಾಯಕರು ಯಾರಾದರೂ ಹುಬ್ಬು ಹಾರಿಸಿದರೆ ಸಾಕು, ಕೈ ಎತ್ತಿ 'ಯೆಪ್' ಎಂದು ಕಿರುಚುತ್ತಾರೆ. ಬಂದ ಸಹೃದಯರನ್ನು ಏಳು ವರ್ಗಗಳಾಗಿ ವಿಂಗಡಿಸಬಹುದು. ಒಂದು: ಕೊಳ್ಳಲು ಬಂದವನು; ಹಿಂದೆ ಗೋಡೆಗೆ ಒರಗಿ ನಿಂತು ಕ್ಯಾಟಲಾಗಿನ ಅಂಚಿನಲ್ಲಿ ತನ್ನ ಕೊನೆಯ ಬೆಲೆ ಬರೆದುಕೊಂಡು ಅದನ್ನು ಹೆಂಡತಿಗೂ ತೋರಿಸದವನು. ಎರಡು: ಊಟಕ್ಕೆ ಬಂದವನು. ಮೂರು: ಮುಂದಿನ ವಾರ ತನ್ನದೂ ಹರಾಜು ಇರುವುದರಿಂದ ಮರ್ಯಾದೆಗೆ ಬಂದು ಒಂದು ಹೋರಿ ಕೂಗುವ ನೆರೆಯವನು, ಮುಯ್ಯಿಗೆ ಮುಯ್ಯಿ. ನಾಲ್ಕರಿಂದ ಏಳರವರೆಗಿನವರೆಲ್ಲ ಎರಡರಲ್ಲೇ ಅಡಕವಾಗುತ್ತಾರೆಂದು ಈಗ ಹೊಳೆಯುತ್ತಿದೆ. ವರ್ಗೀಕರಣ ಇಲ್ಲಿಗೆ ಸಾಕು.

ಪತ್ರಿಕೆಗಳಿಗೆ ಬೇಕಾದದ್ದು ಬೇರೆ. 2019ರ ಫೆಬ್ರವರಿಯಲ್ಲಿ ನಾರ್ತ್ ಡಕೋಟಾದ ಹರಾಜೊಂದರಲ್ಲಿ ಅಮೆರಿಕಾ 8018 ಎಂಬ ಹೋರಿ 15 ಲಕ್ಷ 10 ಸಾವಿರ ಡಾಲರಿಗೆ ಹೋಯಿತು. ಅಷ್ಟು ಕೊಟ್ಟವರಿಗೆ ಹೋರಿ ವೀರ್ಯದ ಕಾರ್ಖಾನೆ. ಸ್ಟ್ರಾಗಳಲ್ಲಿ ತುಂಬಿ ಲೋಕಕ್ಕೆಲ್ಲ ಮಾರುತ್ತಾರೆ. ಆದರೆ ಹರಾಜಿನಲ್ಲಿ ಬಿಕರಿಯಾಗುವ ಬಹುಪಾಲು ಹೋರಿಗಳು ಕೆಲವು ಸಾವಿರ ಡಾಲರಿನವು. ಟ್ರೇಲರ್ ಹತ್ತಿ ಯಾವುದೋ ಹುಲ್ಲುಗಾವಲಿಗೆ ಹೋಗಿ ಇಪ್ಪತ್ತೈದು ಮೂವತ್ತು ಹಸುಗಳ ಹಿಂದೆ ನಾಲ್ಕಾರು ವರ್ಷ ದುಡಿದು, ಕುಂಟಾದಾಗ ಕಸಾಯಿಖಾನೆಗೆ ಹೋಗುತ್ತವೆ. ಇವುಗಳ ಮೇಲೆ ಯಾರೂ ಪ್ರಬಂಧ ಮಂಡಿಸುವುದಿಲ್ಲ.

ಬಣ್ಣದ ಮೀಮಾಂಸೆಯನ್ನು ಬಿಟ್ಟರೆ ಪ್ರಬಂಧ ಅಪೂರ್ಣ. 1978ರಲ್ಲಿ ತಳಿಗಾರರ ಸಂಘವೇ ಸರ್ಟಿಫೈಡ್ ಆಂಗಸ್ ಬೀಫ್ ಎಂಬ ಬ್ರಾಂಡನ್ನು ಶುರುಮಾಡಿತು. ಅದರ ಬಾಗಿಲು ತಟ್ಟಲು ದನದ ಮೈ ಶೇ. 51ರಷ್ಟಾದರೂ ಕಪ್ಪಿರಬೇಕು, ಒಳಗಿನ ಮಾಂಸಕ್ಕೆ ಬೇರೆ ಹತ್ತು ಪರೀಕ್ಷೆ. ಕಪ್ಪಿಗೆ ಕಾಸು ಹೆಚ್ಚೆಂದು ಗೊತ್ತಾದದ್ದೇ ತಡ, ಕೆಂಪಗಿದ್ದ ಸಿಮೆಂಟಲ್, ಲಿಮೋಸಿನ್ ತಳಿಗಳೂ ಅಮೆರಿಕದಲ್ಲಿ ಒಂದೆರಡು ತಲೆಮಾರಿನಲ್ಲಿ ಬಹುಮಟ್ಟಿಗೆ ಕಪ್ಪಾದವು. ಬಣ್ಣ ನೋಡಿ ಬೆಲೆ ಕಟ್ಟುವ ಲೋಕದಲ್ಲಿ ಒಮ್ಮೆಯಾದರೂ ಕಪ್ಪು ಗೆದ್ದಿತಲ್ಲ ಎಂದು ಕರಿಯರಾದ ನಾವು ಹಿಗ್ಗಬಹುದು. ಗೆದ್ದ ಚರ್ಮವನ್ನು ಸುಲಿದು ಮಾರುತ್ತಾರೆಂಬುದು ಬೇರೆ ಮಾತು.

ಇಲ್ಲಿಂದ ಮುಂದೆ ಪ್ರಬಂಧದ ಶೈಲಿ ಕೈಕೊಡುತ್ತಿದೆ, ಕ್ಷಮಿಸಿ. ಗೊರಸಿನ ಕೋನ ಅಳೆದವರು, ಕೂದಲುದುರುವ ವೇಗ ಅಳೆದವರು, ಹೋರಿಯ ಸ್ವಭಾವಕ್ಕೂ ಅಂಕಿ ಕೊಟ್ಟವರು ಒಂದನ್ನು ಮಾತ್ರ ಕ್ಯಾಟಲಾಗಿನಲ್ಲಿ ಅಚ್ಚುಹಾಕುವುದಿಲ್ಲ. ಈ ಹೋರಿಯ ಕರುಗಳು ಬೆಳೆದ ಮೇಲೆ ಕೊಳ್ಳುವವರು ಯಾರು? 1980ರಲ್ಲಿ ಅಮೆರಿಕದಲ್ಲಿ ಕೊಬ್ಬಿಸಿದ ದನಗಳ ಶೇ. 36ರಷ್ಟನ್ನು ನಾಲ್ಕು ದೊಡ್ಡ ಮಾಂಸದ ಕಂಪನಿಗಳು ಕಡಿಯುತ್ತಿದ್ದವು. ಈಗ ಸುಮಾರು ಶೇ. 85ರಷ್ಟು ನಾಲ್ಕೇ ಕಂಪನಿಗಳ ಕೈಯಲ್ಲಿದೆ. 2019ರ ಆಗಸ್ಟಿನಲ್ಲಿ ಕಾನ್ಸಾಸಿನ ಹಾಲ್ಕಂಬಿನ ಒಂದು ಕಸಾಯಿ ಕಾರ್ಖಾನೆಗೆ ಬೆಂಕಿ ಬಿತ್ತು. ದನದ ಬೆಲೆ ಕುಸಿಯಿತು, ಮಾಂಸದ ಬೆಲೆ ಏರಿತು. 2020ರ ವಸಂತದಲ್ಲಿ ಕೊರೊನಾ ಬಂದು ಕಾರ್ಖಾನೆಗಳು ಮುಚ್ಚಿದಾಗ ಮತ್ತೆ ಅದೇ ಆಯಿತು: ಅಂಗಡಿಯಲ್ಲಿ ಮಾಂಸ ದುಬಾರಿ, ಹಟ್ಟಿಯಲ್ಲಿ ದನ ಅಗ್ಗ. ನಡುವಿನ ದುಡ್ಡು ಎಲ್ಲಿಗೆ ಹೋಯಿತೆಂದು ಹೇಳಲು ಯಾವ ಮಹಾಂಕವೂ ಬೇಡ. ಮೂರನೇ ತಲೆಮಾರಿನ ರೈತನೊಬ್ಬ ಸಾಲ ಮಾಡಿ ಕೊಂಡ ಹೋರಿಯ ಎಲ್ಲ ಅಂಕಿಗಳೂ ಸರಿಯಾಗಿದ್ದವು. ಕರುಗಳು ಹೇಳಿದಷ್ಟೇ ತೂಗಿದವು. ಅವನು ಮಾತ್ರ ಮುಳುಗಿದ.

ಈಚೆಗೆ ದನಕ್ಕೆ ದಾಖಲೆಯ ಬೆಲೆ ಬಂದಿದೆಯಲ್ಲ ಎಂದು ಪೂರ್ವಪಕ್ಷದವರು ಕೇಳಬಹುದು. ಬಂದಿದೆ. 2025ರ ಜನವರಿ 1ರಂದು ಆ ದೇಶದಲ್ಲಿ ಉಳಿದಿದ್ದ ದನಗಳು 8 ಕೋಟಿ 67 ಲಕ್ಷ. 1951ರಿಂದೀಚೆಗೆ ಅಷ್ಟು ಕಡಿಮೆ ಎಂದೂ ಆಗಿರಲಿಲ್ಲ. ವರ್ಷಗಟ್ಟಲೆ ಬರ ಬಿದ್ದು, ಮೇವು ಕೊಳ್ಳಲಾರದೆ ಹಸುಗಳನ್ನೇ ಮಾರಿಕೊಂಡವರಿಗೆ ಈ ಬೆಲೆಯಿಂದ ಏನು ಬಂತು? ಮಾರಲು ದನ ಉಳಿಸಿಕೊಂಡವರಿಗೆ ಬಂತು. ಅವರ ಸಂಖ್ಯೆಯೂ ಇಳಿಯುತ್ತಲೇ ಇದೆ.

ಹಾಗಾಗಿ ಕ್ಯಾಟಲಾಗು ಬರೆಯುವ ವಿದ್ವಾಂಸರಲ್ಲಿ ಒಂದು ವಿನಂತಿ. ಮುಂದಿನ ವರ್ಷ ಪ್ರತಿ ಹೋರಿಯ ಕೆಳಗೆ ಇನ್ನೊಂದೇ ಒಂದು ಕಾಲಮ್ ಸೇರಿಸಿ: ಇದರ ಅಪ್ಪನನ್ನು ಕೊಂಡವನು ಈಗಲೂ ರ‍್ಯಾಂಚಿನಲ್ಲಿದ್ದಾನೆಯೇ, ಇಲ್ಲವೇ. ದಶಮಾಂಶ ಬೇಡ, ಹೌದು ಅಥವಾ ಇಲ್ಲ ಎಂದರೆ ಸಾಕು. ಆ ಕಾಲಮ್ ಅಚ್ಚಾದ ದಿನ ಈ ಪ್ರಬಂಧವನ್ನು ಹಿಂತೆಗೆದುಕೊಳ್ಳಲು ಪ್ರಬಂಧಕಾರ ಸಿದ್ಧನಿದ್ದಾನೆ.